12 ವೋಲ್ಟೋ, 24 ವೋಲ್ಟೋ, ನೇರ 230 ವೋಲ್ಟೋ: ಎಲ್‌ಇಡಿ ಸ್ಟ್ರಿಪ್‌ಗಳನ್ನು ಅಕ್ಕಪಕ್ಕ ಇಟ್ಟು ನೋಡಿದಾಗ

ಎಲ್‌ಇಡಿ ಸ್ಟ್ರಿಪ್ ಕೊಳ್ಳಲು ಹೋದವರು ಮೊದಲು ಬಣ್ಣ ನೋಡುತ್ತಾರೆ, ಆಮೇಲೆ ಬೆಳಕು ಎಷ್ಟು ಎಂದು ಕೇಳುತ್ತಾರೆ. ವೋಲ್ಟೇಜಿನ ಮಾತು ಬರುವುದು ಕೊನೆಗೆ, ಅಡಾಪ್ಟರ್ ಆರಿಸುವಾಗ. ಈ ಕ್ರಮವೇ ತಲೆಕೆಳಗು. ಮೊದಲು ತೀರ್ಮಾನವಾಗಬೇಕಾದದ್ದು ವೋಲ್ಟೇಜ್, ಆಮೇಲೆ ಸಪ್ಲೈ (ಮನೆಯ ಕರೆಂಟನ್ನು ಆ ವೋಲ್ಟೇಜಿಗೆ ಇಳಿಸುವ ಅಡಾಪ್ಟರ್) ಎಲ್ಲಿ ಕೂರುತ್ತದೆ ಎಂಬುದು. ಅದೆರಡೂ ಆದಮೇಲೆ ಸ್ಟ್ರಿಪ್. ಒಂದೇ ಕಪಾಟಿನ ಅಡಿ, ಒಂದೇ ವೈರಿನಲ್ಲಿ ಬೇರೆಬೇರೆ ಬಗೆಯವನ್ನು ಹಚ್ಚಿ ನೋಡಿ. ಮಂಕಾಯಿತು, ಒಂದು ತುದಿ ಹಳದಿಯಾಯಿತು, ಮಿಣುಕುತ್ತದೆ ಎಂಬ ದೂರುಗಳಲ್ಲಿ ಬಹುಪಾಲು ಸ್ಟ್ರಿಪ್ಪಿನದಲ್ಲ, ಅದಕ್ಕೆ ಕರೆಂಟು ತಲುಪಿದ ದಾರಿಯದು ಎಂಬುದು ಅಲ್ಲೇ ಗೊತ್ತಾಗುತ್ತದೆ.

12 ಮತ್ತು 24

ಮೀಟರಿಗೆ 14.4 ವ್ಯಾಟ್ ಎಳೆಯುವ ಸ್ಟ್ರಿಪ್ ತೆಗೆದುಕೊಳ್ಳೋಣ. 5 ಮೀಟರಿನ ರೋಲಿಗೆ 72 ವ್ಯಾಟ್. ಇದು 12 ವೋಲ್ಟಿನಲ್ಲಿ 6 ಆಂಪಿಯರ್, 24ರಲ್ಲಿ 3 ಆಂಪಿಯರ್. ಸಪ್ಲೈ 10 ಮೀಟರ್ ದೂರದಲ್ಲಿದೆ, 1.5 ಚದರ ಮಿ.ಮೀ. ತಾಮ್ರದ ವೈರ್ ಎಳೆದಿದೆ ಎನ್ನಿ. ಹೋಗುವ ಬರುವ ಎಳೆ ಎರಡೂ ಸೇರಿ 20 ಮೀಟರ್, ಅದರ ರೆಸಿಸ್ಟೆನ್ಸ್ ಸುಮಾರು 0.23 ಓಮ್. 12ರಲ್ಲಿ ದಾರಿಯಲ್ಲೇ ಹತ್ತಿರ ಹತ್ತಿರ 1.4 ವೋಲ್ಟ್ ಸೋರಿಹೋಗುತ್ತದೆ, 24ರಲ್ಲಿ 0.7 ವೋಲ್ಟ್. ಶೇಕಡಾ ಲೆಕ್ಕ ಹಾಕಿದರೆ ಒಂದು ಕಡೆ 11ಕ್ಕೂ ಹೆಚ್ಚು, ಇನ್ನೊಂದು ಕಡೆ 3ರೊಳಗೆ. (ವೋಲ್ಟೇಜ್ ಇಳಿದಂತೆ ಕರೆಂಟೂ ಇಳಿಯುವುದರಿಂದ ಮಲ್ಟಿಮೀಟರಿನಲ್ಲಿ ಇದಕ್ಕಿಂತ ತುಸು ಕಡಿಮೆಯೇ ಕಾಣುತ್ತದೆ.)

1.4 ವೋಲ್ಟ್ ಏನು ಮಹಾ ಅನಿಸಬಹುದು. ಸ್ಟ್ರಿಪ್ಪಿನ ಒಳಗೆ ನೋಡಿದರೆ ಅದರ ಹೊಡೆತ ಅರ್ಥವಾಗುತ್ತದೆ. 12 ವೋಲ್ಟಿನದರಲ್ಲಿ ಮೂರು ಎಲ್‌ಇಡಿ ಸಾಲಾಗಿ, ಜೊತೆಗೊಂದು ರೆಸಿಸ್ಟರ್. ಬಿಳಿ ಎಲ್‌ಇಡಿ ತಲಾ ಸುಮಾರು 3 ವೋಲ್ಟ್ ತಿನ್ನುತ್ತದೆ, ಅಲ್ಲಿಗೆ 9 ಹೋಯಿತು. ಉಳಿದ 3 ವೋಲ್ಟ್ ರೆಸಿಸ್ಟರಿನ ಪಾಲು, ಕರೆಂಟು ಎಷ್ಟು ಹರಿಯಬೇಕೆಂದು ತೀರ್ಮಾನಿಸುವುದು ಅದೇ. ಅದರಲ್ಲಿ 1 ವೋಲ್ಟ್ ಹೋದರೆ ಕರೆಂಟು ಮೂರರಲ್ಲೊಂದು ಪಾಲು ಇಳಿಯಿತು. 24ರ ಸ್ಟ್ರಿಪ್ಪಿನಲ್ಲಿ ಆರು ಎಲ್‌ಇಡಿ ಸಾಲಾಗಿದ್ದರೆ ರೆಸಿಸ್ಟರಿಗೆ 6 ವೋಲ್ಟ್ ಉಳಿಯುತ್ತದೆ, 1 ವೋಲ್ಟ್ ಹೋದರೆ ಆರರಲ್ಲೊಂದು ಪಾಲು ಮಾತ್ರ ಇಳಿಕೆ.

24 ಎಂದು ಬರೆದದ್ದೆಲ್ಲ ಒಂದೇ ಜಾತಿಯದೂ ಅಲ್ಲ. ಏಳು ಎಲ್‌ಇಡಿ ಸಾಲಾಗಿರುವ ಬಗೆಯೂ ಇದೆ. ಆರರದ್ದರಲ್ಲಿ ಕಾಲುಭಾಗ ವಿದ್ಯುತ್ತು ರೆಸಿಸ್ಟರಿನಲ್ಲಿ ಬಿಸಿಯಾಗಿ ಪೋಲಾಗುತ್ತದೆ, ಏಳರದ್ದರಲ್ಲಿ ಎಂಟರಲ್ಲೊಂದು ಭಾಗ ಮಾತ್ರ. ಉಳಿತಾಯವೇನೋ ನಿಜ, ಆದರೆ ರೆಸಿಸ್ಟರಿಗೆ ಮತ್ತೆ 3 ವೋಲ್ಟೇ ಉಳಿಯುವುದರಿಂದ ವೋಲ್ಟೇಜ್ ಇಳಿತಕ್ಕೆ ಅದು ನಾಜೂಕು. ಕತ್ತರಿ ಗುರುತುಗಳ ನಡುವೆ ಎಷ್ಟು ಎಲ್‌ಇಡಿ ಇವೆ ಎಂದು ಎಣಿಸಿದರೆ ಯಾವ ಬಗೆಯೆಂದು ಕೈಯಲ್ಲೇ ತಿಳಿಯುತ್ತದೆ. ದಿನವಿಡೀ ಉರಿಯುವ ಅಂಗಡಿಗೆ, ಸಪ್ಲೈ ಹತ್ತಿರವಿದ್ದರೆ, ಏಳರದ್ದು ಒಳ್ಳೆಯದು. ದೂರವಿದ್ದರೆ ಆರರದ್ದು.

ಹಾಗಾದರೆ 12ಕ್ಕೆ ಜಾಗವೇ ಇಲ್ಲವೇ? ಇದೆ, ಚಿಕ್ಕ ಜಾಗ. ಮೀಟರಿಗೆ 60 ಎಲ್‌ಇಡಿ ಇರುವ ಸ್ಟ್ರಿಪ್ಪನ್ನು 12 ವೋಲ್ಟಿನಲ್ಲಾದರೆ 5 ಸೆಂ.ಮೀ.ಗೊಮ್ಮೆ ಕತ್ತರಿಸಬಹುದು, ಆರರ 24 ವೋಲ್ಟಿನದನ್ನು 10 ಸೆಂ.ಮೀ.ಗೊಮ್ಮೆ. ಗಾಜಿನ ಶೋಕೇಸಿನ ಅಳತೆಗೆ ಸರಿಯಾಗಿ ಕೂರಿಸಲು, ಚಿಕ್ಕ ಗೂಡುಗಳಿಗೆ ಈ ವ್ಯತ್ಯಾಸ ದೊಡ್ಡದೇ. ಬ್ಯಾಟರಿಯಿಂದ ನಡೆಯುವ ಕಡೆಯೂ 12 ಸಹಜ. ಆದರೆ ಗಾಡಿಗೆ ನೇರವಾಗಿ ಜೋಡಿಸಬೇಡಿ. ಎಂಜಿನ್ ಓಡುವಾಗ ವೋಲ್ಟೇಜ್ 14.4ರವರೆಗೂ ಏರುತ್ತದೆ. ಆಗ ರೆಸಿಸ್ಟರಿಗೆ 3ರ ಬದಲು 5.4 ವೋಲ್ಟ್ ಬಿದ್ದು, ಲೆಕ್ಕದ ಪ್ರಕಾರ ಕರೆಂಟು 1.8 ಪಟ್ಟಾಗುತ್ತದೆ. ಸ್ಟ್ರಿಪ್ ಕೆಲವು ತಿಂಗಳು ಝಗಝಗ ಉರಿದು ಕಪ್ಪಾಗುವುದು ಹೀಗೆ. ನಡುವೆ ವೋಲ್ಟೇಜನ್ನು 12ರಲ್ಲೇ ಹಿಡಿದಿಡುವ ಒಂದು ರೆಗ್ಯುಲೇಟರ್ ಇರಲೇಬೇಕು.

ಎರಡು ರೋಲುಗಳನ್ನು ಬಾಲಕ್ಕೆ ತಲೆ ಸೇರಿಸಿ ಒಂದೇ ತುದಿಯಿಂದ ಕರೆಂಟು ಕೊಡುವುದು ಎಲ್ಲರೂ ಮಾಡುವ ಕೆಲಸ. ಸ್ಟ್ರಿಪ್ಪಿನ ತಾಮ್ರದ ಪದರ ತೀರಾ ತೆಳು, ಸಾಮಾನ್ಯವಾಗಿ 70 ಮೈಕ್ರಾನ್, ಅಗ್ಗದ್ದರಲ್ಲಿ 35. ಮೊದಲ ಅರ್ಧ ಮೀಟರ್ ಇಡೀ ಸಾಲಿನ ಕರೆಂಟು ಹೊತ್ತು ಬಿಸಿಯಾಗುತ್ತದೆ, ಕೊನೆಯ ಮೀಟರ್ ಮಂಕಾಗುತ್ತದೆ. ಕೆಂಪು, ಹಸಿರು, ನೀಲಿ ಬೆರೆಸಿ ಬಣ್ಣ ಕೊಡುವ ಆರ್‌ಜಿಬಿ ಸ್ಟ್ರಿಪ್ಪಿನಲ್ಲಿ ಇದು ಇನ್ನೂ ಸ್ಪಷ್ಟ: ತಲೆಯಲ್ಲಿ ಬಿಳಿಯಿದ್ದದ್ದು ಬಾಲದಲ್ಲಿ ಕೆಂಪು ಕೆಂಪು. ಕೆಂಪು ಎಲ್‌ಇಡಿಗೆ ಸುಮಾರು 2 ವೋಲ್ಟ್ ಸಾಕು, ನೀಲಿ ಹಸಿರಿಗೆ 3 ಬೇಕು. ವೋಲ್ಟೇಜ್ ಇಳಿದಾಗ ಮೊದಲು ಸೊರಗುವುದು ಅವೆರಡೇ. ಸಾಮಾನ್ಯ ಕಟ್ಟುಪಾಡು ಎಂದರೆ ಒಂದು ತುದಿಯಿಂದ 12ರಲ್ಲಿ 5 ಮೀಟರ್, 24ರಲ್ಲಿ 10 ಮೀಟರ್. ಅದಕ್ಕಿಂತ ಉದ್ದವಾದರೆ ನಡುವಿನಿಂದ ಕೊಡಿ, ಇಲ್ಲವೇ ಎರಡೂ ತುದಿಗೆ ವೈರ್ ಎಳೆಯಿರಿ. ಊಹೆ ಬೇಕಿಲ್ಲ: ಪೂರ್ತಿ ಬೆಳಕಿನಲ್ಲಿ ಉರಿಯುವಾಗಲೇ ಮಲ್ಟಿಮೀಟರನ್ನು ಮೊದಲು ತಲೆಯ ಪ್ಯಾಡುಗಳಿಗೆ (ವೈರ್ ಬೆಸೆಯುವ ತಾಮ್ರದ ಚುಕ್ಕಿಗಳು), ಆಮೇಲೆ ಬಾಲದ ಪ್ಯಾಡುಗಳಿಗೆ ಹಿಡಿಯಿರಿ. 24ರಲ್ಲಿ ಎರಡರ ಅಂತರ 0.7 ವೋಲ್ಟ್ ದಾಟಿದರೆ ಬಾಲಕ್ಕೂ ಒಂದು ವೈರ್ ಬೇಕು.

ನೇರ 230 ವೋಲ್ಟಿನದು

ಅಡಾಪ್ಟರ್ ಬೇಡ, ಒಂದು ಪ್ಲಗ್ ಸಾಕು, 50 ಮೀಟರ್ ಒಂದೇ ಎಳೆ. ಕೇಳಲು ಚೆನ್ನ, ಕಟ್ಟಡದ ಹೊರಗೋಡೆಗೆ, ಮೆರವಣಿಗೆಯ ಅಲಂಕಾರಕ್ಕೆ ಚೆನ್ನ. ಮನೆಯೊಳಗೆ ಇದನ್ನು ಹಾಕಿ ಎಂದು ನಾವು ಹೇಳುವುದಿಲ್ಲ. ಪ್ಲಗ್ಗಿನಲ್ಲಿರುವುದು ಎಸಿ ಕರೆಂಟನ್ನು ಒಂದೇ ದಿಕ್ಕಿಗೆ ತಿರುಗಿಸುವ ರೆಕ್ಟಿಫೈಯರ್ ಮಾತ್ರ. ಹಾಗಾಗಿ 50 ಹರ್ಟ್ಜ್ ಕರೆಂಟಿನಲ್ಲಿ ಬೆಳಕು ಸೆಕೆಂಡಿಗೆ 100 ಸಲ ಏರಿಳಿಯುತ್ತದೆ. ಕೈ ಬೀಸಿದರೆ ಬೆರಳು ತುಂಡು ತುಂಡಾಗಿ ಕಾಣುತ್ತದೆ, ಮೊಬೈಲ್ ಕ್ಯಾಮೆರಾದಲ್ಲಿ ಪಟ್ಟೆಗಳು ಓಡುತ್ತವೆ. ಫೋಟೊ, ವಿಡಿಯೊ ತೆಗೆಯುವ ಅಂಗಡಿಗೆ ಇದೊಂದೇ ಸಾಕು ಬೇಡವೆನ್ನಲು. ಅದಕ್ಕಿಂತ ಮುಖ್ಯ, ಸ್ಟ್ರಿಪ್ಪಿನ ಉದ್ದಕ್ಕೂ ಹರಿಯುವುದು ಕೊಲ್ಲುವ ವೋಲ್ಟೇಜು. ಕವಚ ಒಂದು ಕಡೆ ಸೀಳಿದರೆ, ಅಥವಾ ಕೊನೆಯ ಮುಚ್ಚಳ ಕಳಚಿದರೆ ಬರಿಗೈಗೆ ಸಿಗುತ್ತದೆ. ಅಡುಗೆಮನೆ, ಬಚ್ಚಲು, ಮಕ್ಕಳ ಕೈಗೆಟಕುವ ಕಪಾಟು, ಎಲ್ಲಿಗೂ ಸಲ್ಲ. ಬಹಳಷ್ಟು ಬಗೆಗಳಲ್ಲಿ ಕತ್ತರಿಸಲು ಬರುವುದೂ ಮೀಟರಿಗೊಮ್ಮೆ ಮಾತ್ರ.

ಬಿಡಿ ಚುಕ್ಕಿಯೋ, ಸಿಒಬಿಯೋ

2835 ಎಂಬ ಚಿಪ್ಪಿನ ಸ್ಟ್ರಿಪ್ಪಿನಲ್ಲಿ ಎಲ್‌ಇಡಿಗಳು ಬಿಡಿಬಿಡಿಯಾಗಿ ಕಾಣುತ್ತವೆ. ಸಿಒಬಿಯಲ್ಲಿ (ಚಿಪ್ ಆನ್ ಬೋರ್ಡ್) ಮೀಟರಿಗೆ 320, 480 ಹೀಗೆ ಸಣ್ಣ ಚಿಪ್ಪುಗಳು ಒಂದೇ ಹಳದಿ ಲೇಪದಡಿ ಕೂತು, ಗೆರೆ ಎಳೆದಂತೆ ಬೆಳಗುತ್ತವೆ. ಯಾವುದು ಬೇಕೆಂಬುದಕ್ಕೆ ಒಂದು ಸರಳ ಅಳತೆ ಇದೆ: ಎಲ್‌ಇಡಿಯಿಂದ ಡಿಫ್ಯೂಸರಿಗೆ (ಬೆಳಕು ಹರಡುವ ಮಬ್ಬು ಮುಚ್ಚಳ) ಇರುವ ದೂರ, ಎಲ್‌ಇಡಿಗಳ ನಡುವಿನ ದೂರಕ್ಕಿಂತ ಕಡಿಮೆಯಾದರೆ ಚುಕ್ಕಿ ಕಾಣುತ್ತದೆ. ಮೀಟರಿಗೆ 60 ಎಂದರೆ ನಡುವೆ 16.7 ಮಿ.ಮೀ., 120 ಎಂದರೆ 8.3. ಸ್ಟ್ರಿಪ್ ಕೂರಿಸುವ ಸಾಮಾನ್ಯ ತೆಳು ಅಲ್ಯೂಮಿನಿಯಂ ಪ್ರೊಫೈಲಿನ ಆಳ 7 ಮಿ.ಮೀ. ಆಸುಪಾಸು. ಅದರಲ್ಲಿ 120ರದ್ದೂ ಚುಕ್ಕಿ ಚುಕ್ಕಿಯೇ.

ಅಡುಗೆಕಟ್ಟೆಯ ಮೇಲಿನ ಕಪಾಟಿನಡಿ ಎರಡನ್ನೂ ಅಂಟಿಸಿ ನೋಡಿದರೆ ಇನ್ನೊಂದು ಸಂಗತಿ ಕಣ್ಣಿಗೆ ಬೀಳುತ್ತದೆ. ಸ್ಟ್ರಿಪ್ ಕಣ್ಣಿಗೆ ಮರೆಯಾಗಿದ್ದರೂ ಪಾಲಿಶ್ ಮಾಡಿದ ಕಲ್ಲಿನ ಮೇಲೆ 2835ರ ಒಂದೊಂದು ಎಲ್‌ಇಡಿಯೂ ಬೇರೆಬೇರೆ ಚುಕ್ಕಿಯಾಗಿ ಪ್ರತಿಫಲಿಸುತ್ತದೆ. ಸಿಒಬಿಯದು ಒಂದು ಬಿಳಿ ಗೆರೆ. ಹಾಗಾಗಿ ಹೊಳೆಯುವ ಕಲ್ಲು, ಗಾಜು, ಬಣ್ಣದ ಟೈಲ್ಸ್ ಎದುರು ಸಿಒಬಿ. ಫಾಲ್ಸ್ ಸೀಲಿಂಗಿನ ಅಂಚಿನಲ್ಲಿ ಮರೆಯಾಗಿರುವ ಕೋವ್‌ನಲ್ಲಿ ಬೆಳಕು ಚಾವಣಿಗೆ ಬಡಿದು ಬರುವುದರಿಂದ ಎರಡಕ್ಕೂ ವ್ಯತ್ಯಾಸ ಕಾಣುವುದಿಲ್ಲ, ಅಲ್ಲಿ ಸಿಒಬಿಗೆ ಹೆಚ್ಚು ಕೊಡುವುದು ದಂಡ. ಸಿಒಬಿ ನಾಜೂಕು ಕೂಡ. ಮೇಲೆ ಕೆಳಗೆ ಬಾಗುತ್ತದೆ, ಅಡ್ಡಕ್ಕೆ ತಿರುಚಿದರೆ ಚಿಪ್ಪಿನ ಬೆಸುಗೆ ಬಿಡುತ್ತದೆ. ಅಂಟಿಸುವಾಗ ಹಳದಿ ಲೇಪದ ಮೇಲೆ ಹೆಬ್ಬೆರಳಿಂದ ಒತ್ತಿದ ಕಡೆಯೇ ಆಮೇಲೆ ಕಪ್ಪು ತುಂಡು ಬರುವುದು.

ಎರಡರಲ್ಲಿ ಯಾವುದಾದರೂ ಸರಿ, ಮೀಟರಿಗೆ 10 ವ್ಯಾಟ್ ದಾಟಿದರೆ ಅಲ್ಯೂಮಿನಿಯಂ ಪ್ರೊಫೈಲ್ ಬೇಕು. ಮರಕ್ಕೆ ನೇರ ಅಂಟಿಸಿದರೆ ಬಿಸಿ ಹೋಗಲು ದಾರಿಯಿಲ್ಲ, ಅಂಟೂ ನಿಲ್ಲುವುದಿಲ್ಲ. ಬಟ್ಟೆ, ಹಣ್ಣು ತರಕಾರಿ, ಮಾಂಸದ ಅಂಗಡಿಗೆ ಸಿಆರ್‌ಐ (ಬಣ್ಣಗಳನ್ನು ಎಷ್ಟು ನಿಜವಾಗಿ ತೋರಿಸುತ್ತದೆ ಎಂಬ ಅಳತೆ) 90ರ ಮೇಲಿನದೇ ಇರಲಿ. 80ರದ್ದರ ಬೆಳಕಿನಲ್ಲಿ ಕೆಂಪು ಸೀರೆ ಇಟ್ಟಿಗೆಯ ಬಣ್ಣಕ್ಕೆ ತಿರುಗಿದ್ದು ಬರಿಗಣ್ಣಿಗೇ ಕಾಣುತ್ತದೆ. ನೀರು ತಾಗದ ಜಾಗಕ್ಕೆ ಐಪಿ20 ಸಾಕು (ಐಪಿ ಎಂದರೆ ಧೂಳು, ನೀರು ತಡೆಯುವ ಮಟ್ಟ). ಸಿಲಿಕಾನ್ ಲೇಪದ ಐಪಿ65 ತಂದು ಅದರ ಪಕ್ಕ ಹಾಕಿದರೆ, ಎರಡರ ಮೇಲೂ ಬೆಳಕಿನ ಬಣ್ಣ 3000 ಕೆಲ್ವಿನ್ ಎಂದೇ ಬರೆದಿದ್ದರೂ ಲೇಪದ್ದು ಬೆಳ್ಳಗೆ ಕಾಣುತ್ತದೆ. ಒಂದೇ ಕೋಣೆಯಲ್ಲಿ ಎರಡನ್ನು ಬೆರೆಸಬಾರದು.

ಬಣ್ಣ ಬೇಕೆನ್ನುವವರು ಆರ್‌ಜಿಬಿಯ ಬಿಳಿಯನ್ನು ನಂಬಬೇಡಿ, ಓದಲು ಕೂರುವ ಬೆಳಕಲ್ಲ ಅದು. ಬೇರೆ ಬಿಳಿ ಚಿಪ್ಪಿರುವ ಆರ್‌ಜಿಬಿಡಬ್ಲ್ಯೂ ತನ್ನಿ. ಒಂದೊಂದು ಎಲ್‌ಇಡಿಯೂ ಬೇರೆಬೇರೆ ಬಣ್ಣ ಬೆಳಗುವ ಡಬ್ಲ್ಯೂಎಸ್2812ಬಿ 5 ವೋಲ್ಟಿನದು, ಪೂರ್ತಿ ಬಿಳಿಯಲ್ಲಿ ಒಂದಕ್ಕೆ 60 ಮಿಲಿಆಂಪಿಯರ್. ಮೀಟರಿಗೆ 60 ಇದ್ದರೆ 5 ಮೀಟರಿಗೆ 18 ಆಂಪಿಯರ್! ಒಂದು ಎಲ್‌ಇಡಿ ಸತ್ತರೆ ಅದರ ಮುಂದಿನದೆಲ್ಲ ಕತ್ತಲು. 12 ವೋಲ್ಟಿನ ಡಬ್ಲ್ಯೂಎಸ್2815ರಲ್ಲಿ ಡೇಟಾಕ್ಕೆ ಎರಡನೆಯ ಎಳೆ ಇರುವುದರಿಂದ ನಡುವೆ ಒಂದು ಸತ್ತರೂ ಸಾಲು ನಡೆಯುತ್ತದೆ. ಬೋರ್ಡಿಗೆ, ವೇದಿಕೆಗೆ ಅದೇ ವಾಸಿ.

ಸಪ್ಲೈ

72 ವ್ಯಾಟಿನ ಸ್ಟ್ರಿಪ್ಪಿಗೆ 75 ವ್ಯಾಟಿನ ಸಪ್ಲೈ ಸಾಕಲ್ಲವೇ ಎಂಬ ಪ್ರಶ್ನೆ ಮೇಲಿಂದ ಮೇಲೆ ಬರುತ್ತದೆ. ಸಾಕಾಗದು. ಸಪ್ಲೈಯನ್ನು ಶೇ. 80ಕ್ಕಿಂತ ಮೇಲೆ ದುಡಿಸಬಾರದು: 72ನ್ನು 0.8ರಿಂದ ಭಾಗಿಸಿದರೆ 90, ಅಂದರೆ 100 ವ್ಯಾಟಿನದು. ಮುಚ್ಚಿದ ಸೀಲಿಂಗಿನೊಳಗೆ ಇಡುವುದಾದರೆ ಇನ್ನೂ ಒಂದು ಮೆಟ್ಟಿಲು ಮೇಲಿನದು, ಯಾಕೆಂದರೆ ಬಿಸಿ ಏರಿದಷ್ಟೂ ಸಪ್ಲೈಯ ತಾಕತ್ತು ಇಳಿಯುತ್ತದೆ ಮತ್ತು ಒಳಗಿನ ಕೆಪಾಸಿಟರ್ ಒಣಗುತ್ತದೆ. ಹೆಸರು ನೋಡಿ ಮೋಸಹೋಗಬೇಡಿ: ಡೌನ್‌ಲೈಟಿನ ಡ್ರೈವರಿನ ಮೇಲೆ 300 ಮಿಲಿಆಂಪಿಯರ್, 30ರಿಂದ 42 ವೋಲ್ಟ್ ಎಂದಿರುತ್ತದೆ. ಅದು ಕರೆಂಟನ್ನು ಸ್ಥಿರವಾಗಿಡುವ ಬಗೆ, ಸ್ಟ್ರಿಪ್ಪಿಗೆ ಆಗದು. 12 ಅಥವಾ 24 ಎಂದು ಒಂದೇ ವೋಲ್ಟೇಜ್ ಬರೆದದ್ದೇ ಬೇಕು.

ತೂತುತೂತಿನ ಲೋಹದ ಡಬ್ಬಿಯ ಎಸ್‌ಎಂಪಿಎಸ್ ಸಪ್ಲೈ ಅಗ್ಗ, ಗಾಳಿ ಆಡುತ್ತದೆ, ವೋಲ್ಟೇಜ್ ಸ್ವಲ್ಪ ತಿರುಗಿಸಲು ಸ್ಕ್ರೂ ಇರುತ್ತದೆ. ಆದರೆ 230 ವೋಲ್ಟಿನ ಟರ್ಮಿನಲ್ ಹೊರಗೇ ಇರುವುದರಿಂದ ಡಬ್ಬಿಯೊಳಗೆ ಕೂರಿಸಿ ಅರ್ತ್ ಕೊಡಲೇಬೇಕು. ದೊಡ್ಡವುಗಳಲ್ಲಿ ಫ್ಯಾನ್ ಇರುತ್ತದೆ, ಮಲಗುವ ಕೋಣೆಯಲ್ಲಿ ರಾತ್ರಿ ಅದರ ಸದ್ದು ಕೇಳುತ್ತದೆ. ಸೀಲ್ ಮಾಡಿದ ಐಪಿ67 ಸಪ್ಲೈಗೆ ಸದ್ದಿಲ್ಲ, ಧೂಳಿನ ಭಯವಿಲ್ಲ, ಕೆಟ್ಟರೆ ಎಸೆಯುವುದೇ. ಲ್ಯಾಪ್‌ಟಾಪ್ ಬಗೆಯ ಅಡಾಪ್ಟರ್ ಒಂದು ಕಪಾಟಿಗೆ ಸರಿ. ಅದರ 5.5×2.1 ಮಿ.ಮೀ. ಪಿನ್ನಿನಲ್ಲಿ 5 ಆಂಪಿಯರ್ ಹರಿದರೆ ಪ್ಲಾಸ್ಟಿಕ್ ಮೆತ್ತಗಾಗಬಹುದು.

ಒಂದು ದೊಡ್ಡದೋ, ಎರಡು ಚಿಕ್ಕವೋ? ಎರಡು ಚಿಕ್ಕವು. 24 ವೋಲ್ಟ್, 350 ವ್ಯಾಟಿನ ಸಪ್ಲೈ 14 ಆಂಪಿಯರಿಗೂ ಹೆಚ್ಚು ಕೊಡಬಲ್ಲದು. ಸ್ಟ್ರಿಪ್ಪಿನ ಒಂದು ಮೂಲೆಯಲ್ಲಿ ಅರೆಬರೆ ಶಾರ್ಟ್ ಆಗಿ 10 ಆಂಪಿಯರ್ ಹರಿದರೂ ಸಪ್ಲೈಗೆ ಅದು ಮಾಮೂಲಿ ಲೋಡು, ಟ್ರಿಪ್ ಆಗುವುದಿಲ್ಲ, ತೆಳು ವೈರ್ ಮಾತ್ರ ಬಿಸಿಯಾಗುತ್ತದೆ. ದೊಡ್ಡದನ್ನೇ ಇಡಬೇಕಾದರೆ ಪ್ರತಿ ಕವಲಿಗೂ ಫ್ಯೂಸ್ ಹಾಕಿ, 3 ಆಂಪಿಯರಿನ ಕವಲಿಗೆ 4 ಅಥವಾ 5ರದು. ಎರಡು ಸಪ್ಲೈಗಳ ಪಾಸಿಟಿವ್ ಎಳೆಗಳನ್ನು ಎಂದೂ ಕೂಡಿಸಬೇಡಿ. ಸ್ಟ್ರಿಪ್ ಉದ್ದಕ್ಕೆ ಒಂದೇ ಆಗಿ ಕಂಡರೂ ಸಪ್ಲೈ ಬದಲಾಗುವ ಜಾಗದಲ್ಲಿ ಅದನ್ನು ಕತ್ತರಿಸಿರಬೇಕು.

ಗೋಡೆಯ ಹಳೆಯ ಡಿಮ್ಮರನ್ನು ಮಾಮೂಲಿ ಎಸ್‌ಎಂಪಿಎಸ್‌ಗೆ ಜೋಡಿಸಿದರೆ ಗುಂಯ್‌ಗುಡುತ್ತದೆ, ಮಿಣುಕುತ್ತದೆ, ಕೊನೆಗೆ ಎರಡರಲ್ಲೊಂದು ಹೋಗುತ್ತದೆ. ಬೆಳಕನ್ನು ಬಹಳ ವೇಗವಾಗಿ ಹೊತ್ತಿಸಿ ಆರಿಸಿ ಮಂದ ಮಾಡುವ ಪಿಡಬ್ಲ್ಯೂಎಂ ಡಿಮ್ಮರನ್ನು ಸಪ್ಲೈ ಮತ್ತು ಸ್ಟ್ರಿಪ್ ನಡುವೆ ಹಾಕುವುದೇ ದಾರಿ. ಅದರ ಫ್ರೀಕ್ವೆನ್ಸಿ 3 ಕಿಲೋಹರ್ಟ್ಜ್‌ಗಿಂತ ಮೇಲಿದ್ದರೆ ಕಣ್ಣಿಗೆ ತೊಂದರೆಯಿಲ್ಲ. ಕೆಲವು ನೂರು ಹರ್ಟ್ಜ್‌ನದಾದರೆ ಮಂದ ಬೆಳಕಿನಲ್ಲಿ ಕ್ಯಾಮೆರಾ ಪಟ್ಟೆ ಹಿಡಿಯುತ್ತದೆ.

ಜೋಡಣೆಯ ವಿಷಯದಲ್ಲಿ ಮಾತ್ರ ಎರಡು ಮಾತಿಲ್ಲ. ಕ್ಲಿಪ್ ಕನೆಕ್ಟರಿನ ಹಲ್ಲು ಪ್ಯಾಡನ್ನು ಮುಟ್ಟುವುದು ಸೂಜಿಮೊನೆಯಷ್ಟು ಜಾಗದಲ್ಲಿ. 1 ಆಂಪಿಯರಿಗೆ ನಡೆಯುತ್ತದೆ, 3 ಆಂಪಿಯರಿಗೆ ಕಂದಿ ಸುಡುತ್ತದೆ. ಅಲ್ಲಿ ಬೆಸುಗೆಯೇ ಆಗಬೇಕು: ಪ್ಯಾಡಿಗೂ ವೈರಿಗೂ ಮೊದಲೇ ಬೇರೆಬೇರೆಯಾಗಿ ಸೋಲ್ಡರ್ (ಬೆಸುಗೆಯ ಲೋಹ) ಹಚ್ಚಿಕೊಂಡು, 350 ಡಿಗ್ರಿಯ ಐರನ್ನಿನಲ್ಲಿ ಎರಡು ಮೂರು ಸೆಕೆಂಡಿನೊಳಗೆ ಕೂಡಿಸಿ ಕೈ ತೆಗೆಯಬೇಕು. ಹೆಚ್ಚು ಹೊತ್ತು ಹಿಡಿದರೆ ಪ್ಯಾಡೇ ಎದ್ದುಬರುತ್ತದೆ. ಎದ್ದರೆ ಆ ತುಂಡು ಬಿಟ್ಟು ಮುಂದಿನ ಕತ್ತರಿ ಗುರುತಿಗೆ ಹೋಗಿ. ಅದಕ್ಕೇ ಅಳತೆಗಿಂತ ಎರಡು ತುಂಡು ಹೆಚ್ಚಿಗೆ ಕತ್ತರಿಸಿಟ್ಟುಕೊಳ್ಳುವುದು.