ಮನೆ ಕಂಪ್ಯೂಟರಿಗೆ ಉಚಿತ ಆ್ಯಂಟಿವೈರಸ್: ವರ್ಷಗಟ್ಟಲೆ ಡಿಫೆಂಡರ್ ಓಡಿಸಿದ ಮೇಲೆ

ವಿಂಡೋಸ್ 10 ಅಥವಾ 11 ಇರುವ ಮನೆ ಕಂಪ್ಯೂಟರಿಗೆ ಬೇರೆ ಆ್ಯಂಟಿವೈರಸ್ ಹುಡುಕಬೇಕಿಲ್ಲ. ಜೊತೆಗೇ ಬರುವ ಮೈಕ್ರೋಸಾಫ್ಟ್ ಡಿಫೆಂಡರ್ ಸಾಕು. ಆದರೆ ಅದನ್ನು ಬಂದ ಹಾಗೇ ಬಿಟ್ಟರೆ ಸಾಲದು. ಒಂದೆರಡು ಮುಖ್ಯ ರಕ್ಷಣೆಗಳನ್ನು ನಾವೇ ಆನ್ ಮಾಡಬೇಕು. ಹಾಸನ, ಸಕಲೇಶಪುರ, ಮೂಡಿಗೆರೆ, ಚಿಕ್ಕಮಗಳೂರು ಕಡೆಯ ಮನೆಗಳಲ್ಲಿ ಕಂಪ್ಯೂಟರ್ ಕೆಡುವುದು ಹೆಚ್ಚಾಗಿ ಮೂರು ದಾರಿಗಳಲ್ಲಿ: ಜೆರಾಕ್ಸ್ ಅಂಗಡಿಗೆ ಹೋಗಿ ಬಂದ ಪೆನ್‌ಡ್ರೈವ್, ಕ್ರ್ಯಾಕ್ ಮಾಡಿ ಹಾಕಿದ ವಿಂಡೋಸ್, ಕ್ರೋಮ್‌ನಲ್ಲಿ ಗೊತ್ತಿಲ್ಲದೆ ‘ಅಲೋ’ ಒತ್ತಿದ ಜಾಲತಾಣ. ಈ ಮೂರನ್ನೂ ಮುಂದಿಟ್ಟುಕೊಂಡೇ ಇಲ್ಲಿ ಡಿಫೆಂಡರನ್ನು ಅಳೆದಿದ್ದೇವೆ.

ಮೊದಲು ನೋಡಬೇಕಾದದ್ದು ಡಿಫೆಂಡರ್ ನಿಜಕ್ಕೂ ಕೆಲಸ ಮಾಡುತ್ತಿದೆಯೇ ಎಂದು. ಸ್ಟಾರ್ಟ್ ಮೆನುವಿನಲ್ಲಿ ‘ವಿಂಡೋಸ್ ಸೆಕ್ಯುರಿಟಿ’ ಎಂದು ಹುಡುಕಿ ತೆರೆಯಿರಿ. ‘ವೈರಸ್ ಆ್ಯಂಡ್ ಥ್ರೆಟ್ ಪ್ರೊಟೆಕ್ಷನ್’, ಅದರೊಳಗೆ ‘ಮ್ಯಾನೇಜ್ ಸೆಟ್ಟಿಂಗ್ಸ್’, ಪುಟದ ಕೆಳಗೆ ‘ಎಕ್ಸ್‌ಕ್ಲೂಷನ್ಸ್’ ಇದೆ. ಅಂದರೆ ಯಾವ ಫೋಲ್ಡರ್‌ಗಳನ್ನು ನೋಡಬೇಡ ಎಂದು ಡಿಫೆಂಡರಿಗೆ ಹೇಳಿಟ್ಟಿರುವ ಪಟ್ಟಿ. ಹೊಸ ಕಂಪ್ಯೂಟರಿನಲ್ಲಿ ಇದು ಖಾಲಿ ಇರಬೇಕು. ಲೈಸೆನ್ಸ್ ಇಲ್ಲದ ವಿಂಡೋಸ್ ಅಥವಾ ಆಫೀಸ್ ಹಾಕಿಸಿಕೊಂಡ ಕಂಪ್ಯೂಟರುಗಳಲ್ಲಿ ಇಲ್ಲಿ ಇಡೀ ಸಿ ಡ್ರೈವ್ ಸೇರಿಸಿರುವುದುಂಟು. ಲೈಸೆನ್ಸಿನ ಬದಲು ಓಡುವ ಆ್ಯಕ್ಟಿವೇಟರ್ ಪ್ರೋಗ್ರಾಮನ್ನು ಡಿಫೆಂಡರ್ ಪದೇ ಪದೇ ಹಿಡಿದು ಅಳಿಸುತ್ತದೆ. ಹಾಗಾಗಿ ಹಾಕುವವರು ಡಿಫೆಂಡರಿನ ಕಣ್ಣನ್ನೇ ಕಟ್ಟಿಬಿಡುತ್ತಾರೆ. ಆಮೇಲೆ ಹಸಿರು ಟಿಕ್ ಮಾರ್ಕ್ ಕಾಣುತ್ತಲೇ ಇರುತ್ತದೆ, ಒಳಗೆ ಏನು ಬಂದು ಕೂತರೂ ತಿಳಿಯುವುದಿಲ್ಲ. ಅಂಥ ಸಾಲು ಕಂಡರೆ ತೆಗೆದುಹಾಕಿ, ಫುಲ್ ಸ್ಕ್ಯಾನ್ ಮಾಡಿ, ಅದೇ ಪುಟದ ‘ಟ್ಯಾಂಪರ್ ಪ್ರೊಟೆಕ್ಷನ್’ ಆನ್ ಇದೆಯೇ ನೋಡಿ. ಅದು ಆನ್ ಇದ್ದರೆ ಬೇರೆ ಪ್ರೋಗ್ರಾಮುಗಳು ಡಿಫೆಂಡರಿನ ಮುಖ್ಯ ರಕ್ಷಣೆಗಳನ್ನು ಸದ್ದಿಲ್ಲದೆ ಆಫ್ ಮಾಡಲಾಗದು. ಕ್ರ್ಯಾಕ್ ಮಾಡಿದ ವಿಂಡೋಸ್ ಮೇಲೆ ಯಾವ ಆ್ಯಂಟಿವೈರಸ್ ಹಾಕಿದರೂ ಅದನ್ನು ನಂಬುವಂತಿಲ್ಲ.

ಇನ್ನು ನಾವೇ ಆನ್ ಮಾಡಬೇಕಾದದ್ದು. ‘ರಾನ್ಸಮ್‌ವೇರ್ ಪ್ರೊಟೆಕ್ಷನ್’ ಒಳಗಿನ ‘ಕಂಟ್ರೋಲ್ಡ್ ಫೋಲ್ಡರ್ ಆ್ಯಕ್ಸೆಸ್’ ಮೊದಲಿಗೆ ಆಫ್ ಇರುತ್ತದೆ. ಇದನ್ನು ಆನ್ ಮಾಡಿದರೆ ನಂಬಿಕೆ ಇಲ್ಲದ ಯಾವ ಪ್ರೋಗ್ರಾಮೂ ಡಾಕ್ಯುಮೆಂಟ್ಸ್, ಪಿಕ್ಚರ್ಸ್, ವಿಡಿಯೋಸ್, ಮ್ಯೂಸಿಕ್ ಫೋಲ್ಡರ್‌ಗಳಲ್ಲಿ ಬರೆಯಲಾಗದು. ಫೈಲುಗಳಿಗೆ ಬೀಗ ಜಡಿದು ಹಣ ಕೇಳುವ ರಾನ್ಸಮ್‌ವೇರಿಗೆ ಇದು ದೊಡ್ಡ ತಡೆ. ತೊಡಕು ಎರಡು. ಒಂದು, ಡಿ ಡ್ರೈವ್ ಇದರ ಕಾವಲಿನಲ್ಲಿ ಇರುವುದಿಲ್ಲ. ತೋಟದ ಬಟವಾಡೆ ಲೆಕ್ಕ, ಮಳೆಯ ಇಂಚು ಸೆಂಟಿನ ಲೆಕ್ಕ, ಮದುವೆ ಫೋಟೊ ಎಲ್ಲವನ್ನೂ ಡಿ ಡ್ರೈವಿನಲ್ಲಿಡುವುದು ನಮ್ಮ ಕಡೆಯ ರೂಢಿ. ‘ಪ್ರೊಟೆಕ್ಟೆಡ್ ಫೋಲ್ಡರ್ಸ್’ ಒತ್ತಿ ಆ ಫೋಲ್ಡರ್‌ಗಳನ್ನು ಕೈಯಾರೆ ಸೇರಿಸಬೇಕು. ಎರಡು, ಹೆಚ್ಚು ಜನ ಬಳಸದ ತಂತ್ರಾಂಶಗಳನ್ನೂ ಇದು ಅನುಮಾನದಿಂದ ನೋಡುತ್ತದೆ. ಕನ್ನಡ ಟೈಪಿಂಗಿನ ಹಳೆಯ ಎಡಿಟರ್, ಲೆಕ್ಕಪತ್ರದ ಚಿಕ್ಕ ಪ್ರೋಗ್ರಾಮು ‘ಸೇವ್ ಆಗುತ್ತಿಲ್ಲ’ ಎಂದರೆ ಕಾರಣ ಇದೇ ಇರಬಹುದು. ‘ಅಲೋ ಆ್ಯನ್ ಆ್ಯಪ್’ ಒತ್ತಿ, ‘ರೀಸೆಂಟ್ಲಿ ಬ್ಲಾಕ್ಡ್ ಆ್ಯಪ್ಸ್’ ಪಟ್ಟಿಯಿಂದ ಆ ಒಂದು ಪ್ರೋಗ್ರಾಮಿಗೆ ಮಾತ್ರ ಅನುಮತಿ ಕೊಡಿ. ಅದಕ್ಕಾಗಿ ಇಡೀ ರಕ್ಷಣೆಯನ್ನು ಆಫ್ ಮಾಡಬೇಡಿ.

‘ಆ್ಯಪ್ ಆ್ಯಂಡ್ ಬ್ರೌಸರ್ ಕಂಟ್ರೋಲ್’ ಒಳಗೆ, ‘ರೆಪ್ಯುಟೇಶನ್ ಬೇಸ್ಡ್ ಪ್ರೊಟೆಕ್ಷನ್’ ಪುಟದಲ್ಲಿ ‘ಪೊಟೆನ್ಶಿಯಲಿ ಅನ್‌ವಾಂಟೆಡ್ ಆ್ಯಪ್ ಬ್ಲಾಕಿಂಗ್’ ಇದೆ. ಆ್ಯಪ್ಸ್, ಡೌನ್‌ಲೋಡ್ಸ್ ಎರಡಕ್ಕೂ ಟಿಕ್ ಇರಲಿ. ವಿಡಿಯೋ ಪ್ಲೇಯರ್ ಹಾಕಿದಾಗ ಜೊತೆಯಲ್ಲಿ ನುಸುಳುವ ಟೂಲ್‌ಬಾರ್, ‘ಪಿಸಿ ಕ್ಲೀನರ್’ಗಳನ್ನು ತಡೆಯುವುದು ಇದೇ.

ಈಗ ಪೆನ್‌ಡ್ರೈವ್. ಪಹಣಿ, ಅರ್ಜಿ, ಪ್ರಾಜೆಕ್ಟ್ ರಿಪೋರ್ಟ್ ಯಾವುದೇ ಪ್ರಿಂಟ್ ಬೇಕಿದ್ದರೂ ತಾಲ್ಲೂಕು ಕಚೇರಿ ಎದುರಿನ, ಕಾಲೇಜು ಪಕ್ಕದ ಜೆರಾಕ್ಸ್ ಅಂಗಡಿಯೇ ಗತಿ. ದಿನಕ್ಕೆ ನೂರಾರು ಪೆನ್‌ಡ್ರೈವ್ ಚುಚ್ಚಿ ತೆಗೆಯುವ ಕಂಪ್ಯೂಟರಿನಿಂದ ಬರುವುದು ಹೆಚ್ಚಾಗಿ ‘ಶಾರ್ಟ್‌ಕಟ್ ವೈರಸ್’. ಅದು ನಿಮ್ಮ ಫೈಲುಗಳನ್ನು ಅಳಿಸುವುದಿಲ್ಲ, ಬಚ್ಚಿಡುತ್ತದೆ. ಎಲ್ಲವನ್ನೂ ಹೆಸರೇ ಇಲ್ಲದಂತೆ ಕಾಣುವ ಒಂದು ಫೋಲ್ಡರಿಗೆ ತುಂಬಿ, ಅದಕ್ಕೆ ‘ಹಿಡನ್’ ಮತ್ತು ‘ಸಿಸ್ಟಮ್’ ಎಂಬ ಎರಡು ಗುರುತು ಹಾಕುತ್ತದೆ. ಹೊರಗೆ ಪೆನ್‌ಡ್ರೈವಿನ ಹೆಸರಿನದೇ ಒಂದು ಶಾರ್ಟ್‌ಕಟ್ ಇಡುತ್ತದೆ. ಐಕಾನಿನ ಎಡಮೂಲೆಯಲ್ಲಿ ಸಣ್ಣ ಬಾಣದ ಗುರುತು ಕಂಡರೆ ಅದೇ. ವಿಂಡೋಸ್ 7 ಬಂದಾಗಿನಿಂದ ಪೆನ್‌ಡ್ರೈವ್ ಚುಚ್ಚಿದ ಮಾತ್ರಕ್ಕೆ ಅದರೊಳಗಿನ ಪ್ರೋಗ್ರಾಮ್ ತಾನಾಗಿ ಓಡುವುದು ನಿಂತಿದೆ. ಈ ವೈರಸ್ ಕಾಯುವುದು ನೀವು ಆ ಶಾರ್ಟ್‌ಕಟ್ಟಿನ ಮೇಲೆ ಡಬಲ್ ಕ್ಲಿಕ್ ಮಾಡುವುದಕ್ಕೆ.

ಡಿಫೆಂಡರ್ ಇದರ ಹಿಂದಿರುವ ಸ್ಕ್ರಿಪ್ಟ್ ಫೈಲನ್ನು (ಕಮಾಂಡುಗಳನ್ನು ಬರೆದಿಟ್ಟ ಫೈಲು) ಸಾಮಾನ್ಯವಾಗಿ ಹಿಡಿಯುತ್ತದೆ. ಆದರೆ ಬಚ್ಚಿಟ್ಟ ಫೋಲ್ಡರನ್ನು ಹೊರಗೆ ತಂದುಕೊಡುವುದಿಲ್ಲ. ವೈರಸ್ ಹೋಯಿತು, ಫೈಲುಗಳೂ ಹೋದವು ಎಂದುಕೊಂಡು ಜನ ಪೆನ್‌ಡ್ರೈವ್ ಫಾರ್ಮ್ಯಾಟ್ ಮಾಡಿಬಿಡುತ್ತಾರೆ. ಮಗುವಿನ ಫೋಟೊಗಳು ನಿಜವಾಗಿ ಕಳೆಯುವುದು ಆಗ. ಫಾರ್ಮ್ಯಾಟ್ ಮಾಡುವ ಮುಂಚೆ ಡ್ರೈವಿನ ಪ್ರಾಪರ್ಟೀಸ್ ತೆರೆದು ‘ಯೂಸ್ಡ್ ಸ್ಪೇಸ್’ ನೋಡಿ. ಖಾಲಿ ಕಾಣುವ ಪೆನ್‌ಡ್ರೈವಿನಲ್ಲಿ 6 ಜಿಬಿ ತುಂಬಿದೆ ಎಂದು ತೋರಿಸಿದರೆ ಫೈಲುಗಳು ಅಲ್ಲೇ ಇವೆ. ಎಕ್ಸ್‌ಪ್ಲೋರರಿನ ವ್ಯೂ ಮೆನುವಿನಲ್ಲಿ ‘ಹಿಡನ್ ಐಟಮ್ಸ್’ ಟಿಕ್ ಮಾಡಿ. ಅದಷ್ಟೇ ಸಾಲದು. ‘ಫೋಲ್ಡರ್ ಆಪ್ಷನ್ಸ್’ನ ವ್ಯೂ ಟ್ಯಾಬಿನಲ್ಲಿ ‘ಹೈಡ್ ಪ್ರೊಟೆಕ್ಟೆಡ್ ಆಪರೇಟಿಂಗ್ ಸಿಸ್ಟಮ್ ಫೈಲ್ಸ್’ ಟಿಕ್ಕನ್ನೂ ತೆಗೆಯಬೇಕು. ಆಗ ಮಸುಕಾದ ಫೋಲ್ಡರ್ ಕಾಣುತ್ತದೆ. ಒಳಗೆ ಹೋಗಿ ನಿಮ್ಮ ಫೈಲುಗಳನ್ನು ಮಾತ್ರ ಆರಿಸಿ ಕಂಪ್ಯೂಟರಿಗೆ ಕಾಪಿ ಮಾಡಿಕೊಳ್ಳಿ. ಶಾರ್ಟ್‌ಕಟ್, ಸ್ಕ್ರಿಪ್ಟ್, ಗೊತ್ತಿಲ್ಲದ ಪ್ರೋಗ್ರಾಮ್ ಫೈಲುಗಳನ್ನು ಮುಟ್ಟಬೇಡಿ. ಒಳಗಿನ ಫೈಲುಗಳೂ ಮಸುಕಾಗಿದ್ದರೆ ಕಮಾಂಡ್ ಪ್ರಾಂಪ್ಟಿನ ‘ಆಟ್ರಿಬ್’ (attrib) ಕಮಾಂಡ್ ಬೇಕಾಗುತ್ತದೆ: ಮೈನಸ್ ಎಚ್, ಮೈನಸ್ ಆರ್, ಮೈನಸ್ ಎಸ್, ಆಮೇಲೆ ಡ್ರೈವಿನ ಅಕ್ಷರ ಮತ್ತು ಎಲ್ಲ ಫೈಲುಗಳಿಗೆ ನಕ್ಷತ್ರ ಚಿಹ್ನೆ, ಕೊನೆಯಲ್ಲಿ ಸ್ಲ್ಯಾಶ್ ಎಸ್, ಸ್ಲ್ಯಾಶ್ ಡಿ. ಕಾಪಿ ಆಗಿದೆ ಎಂದು ಖಾತ್ರಿಯಾದ ಮೇಲೆ ಫಾರ್ಮ್ಯಾಟ್ ಮಾಡಿ. ತೆಗೆದ ಟಿಕ್ಕನ್ನು ಮತ್ತೆ ಹಾಕಲು ಮರೆಯಬೇಡಿ.

ಕ್ವಿಕ್ ಸ್ಕ್ಯಾನ್ ಒತ್ತಿದರೆ ಪೆನ್‌ಡ್ರೈವ್ ಸ್ಕ್ಯಾನ್ ಆಗುವುದಿಲ್ಲ ಎಂಬುದು ಬಹಳ ಜನರಿಗೆ ತಿಳಿದಿಲ್ಲ. ಡ್ರೈವಿನ ಮೇಲೆ ರೈಟ್ ಕ್ಲಿಕ್ ಮಾಡಿ ‘ಸ್ಕ್ಯಾನ್ ವಿತ್ ಮೈಕ್ರೋಸಾಫ್ಟ್ ಡಿಫೆಂಡರ್’ ಎಂದು ಪ್ರತ್ಯೇಕವಾಗಿ ಕೊಡಬೇಕು. ವಿಂಡೋಸ್ 11ರಲ್ಲಿ ಅದು ಕಾಣದಿದ್ದರೆ ‘ಶೋ ಮೋರ್ ಆಪ್ಷನ್ಸ್’ ಒಳಗಿರುತ್ತದೆ. ಸ್ಕ್ಯಾನ್ ಮಾಡಿ ತೆಗೆದ ವೈರಸ್ ಮತ್ತೆ ಮತ್ತೆ ಬರುತ್ತಿದ್ದರೆ ‘ಸ್ಕ್ಯಾನ್ ಆಪ್ಷನ್ಸ್’ನಲ್ಲಿ ಆಫ್‌ಲೈನ್ ಸ್ಕ್ಯಾನ್ ಆರಿಸಿ. ಕಂಪ್ಯೂಟರ್ ರೀಸ್ಟಾರ್ಟ್ ಆಗಿ, ವಿಂಡೋಸ್ ಪೂರ್ತಿ ಏಳುವ ಮೊದಲೇ ಹುಡುಕುತ್ತದೆ. ಸುಮಾರು 15 ನಿಮಿಷದ ಕೆಲಸ. ಮಳೆಗಾಲದಲ್ಲಿ ಕರೆಂಟ್ ಹೋಗಿ ಬರುವ ಹೊತ್ತಿನಲ್ಲಿ ಯುಪಿಎಸ್ ಇಲ್ಲದ ಡೆಸ್ಕ್‌ಟಾಪಿನಲ್ಲಿ ಇದನ್ನು ಶುರು ಮಾಡಬೇಡಿ.

ಡಿಫೆಂಡರಿನ ನಿಜವಾದ ದೌರ್ಬಲ್ಯ ವೇಗ. 4 ಜಿಬಿ ರ್ಯಾಮ್, ತಿರುಗುವ ಹಾರ್ಡ್‌ಡಿಸ್ಕ್ ಇರುವ ಡೆಸ್ಕ್‌ಟಾಪಿನಲ್ಲಿ ಸ್ಕ್ಯಾನ್ ನಡೆಯುವಾಗ ಎಕ್ಸೆಲ್ ತೆರೆಯುವುದಕ್ಕೂ ಕಾಯಬೇಕು. ಟಾಸ್ಕ್ ಮ್ಯಾನೇಜರಿನಲ್ಲಿ ‘ಆ್ಯಂಟಿಮಾಲ್‌ವೇರ್ ಸರ್ವೀಸ್ ಎಕ್ಸಿಕ್ಯೂಟಬಲ್’ ಎಂಬ ಹೆಸರು ಮೇಲೆ ನಿಂತು ಡಿಸ್ಕ್ 100 ಪ್ರತಿಶತ ತೋರಿಸುತ್ತಿದ್ದರೆ ಅದು ವೈರಸ್ ಅಲ್ಲ, ಡಿಫೆಂಡರೇ. ಟಾಸ್ಕ್ ಶೆಡ್ಯೂಲರ್ ತೆರೆದು ಮೈಕ್ರೋಸಾಫ್ಟ್, ವಿಂಡೋಸ್, ವಿಂಡೋಸ್ ಡಿಫೆಂಡರ್ ಎಂಬ ಕ್ರಮದಲ್ಲಿ ಹೋದರೆ ‘ಶೆಡ್ಯೂಲ್ಡ್ ಸ್ಕ್ಯಾನ್’ ಸಿಗುತ್ತದೆ. ‘ಟ್ರಿಗರ್ಸ್’ನಲ್ಲಿ ವಾರಕ್ಕೊಂದು ದಿನ, ಮನೆಯಲ್ಲಿ ಕಂಪ್ಯೂಟರ್ ಆನ್ ಇದ್ದರೂ ಯಾರೂ ಕೂರದ ಹೊತ್ತು ಕೊಡಿ. ಎಸ್‌ಎಸ್‌ಡಿ (ತಿರುಗುವ ಭಾಗವಿಲ್ಲದ ವೇಗದ ಡಿಸ್ಕ್) ಹಾಕಿದ ಮೇಲೆ ಈ ತೊಂದರೆ ಬಹುಪಾಲು ಮಾಯವಾಗುತ್ತದೆ. ದುಡ್ಡು ಖರ್ಚು ಮಾಡುವುದಿದ್ದರೆ ಆ್ಯಂಟಿವೈರಸ್ ಚಂದಾಕ್ಕಿಂತ 256 ಜಿಬಿ ಎಸ್‌ಎಸ್‌ಡಿಗೆ ಮಾಡಿ.

ಇನ್ನೊಂದು ದೌರ್ಬಲ್ಯ ನೆಟ್‌ವರ್ಕ್. ಡಿಫೆಂಡರಿನ ಒಳ್ಳೆಯ ಅರ್ಧ ಬಲ ಕ್ಲೌಡ್‌ನಲ್ಲಿದೆ. ಹೊಸ ಫೈಲ್ ಕಂಡಾಗ ಮೈಕ್ರೋಸಾಫ್ಟಿನ ಸರ್ವರನ್ನು ಕೇಳಿ ತೀರ್ಮಾನಿಸುತ್ತದೆ. ಟವರ್ ಸಿಗದ ಎಸ್ಟೇಟ್ ಮನೆಯಲ್ಲಿ ಆ ಬಲ ಸಿಗುವುದಿಲ್ಲ. ಮೊಬೈಲ್ ಹಾಟ್‌ಸ್ಪಾಟನ್ನು ‘ಮೀಟರ್ಡ್’ (ಡೇಟಾ ಮಿತಿ ಇರುವ ಸಂಪರ್ಕ) ಎಂದು ಗುರುತಿಸಿದ್ದರೆ ಅಪ್‌ಡೇಟ್‌ಗಳು ತಾವಾಗಿ ಇಳಿಯದೆ ಹಿಂದೆ ಬೀಳಬಹುದು. ‘ಪ್ರೊಟೆಕ್ಷನ್ ಅಪ್‌ಡೇಟ್ಸ್’ ಪುಟದಲ್ಲಿ ಕೊನೆಯ ದಿನಾಂಕ ನೋಡಿ, ಹಳತಾಗಿದ್ದರೆ ‘ಚೆಕ್ ಫಾರ್ ಅಪ್‌ಡೇಟ್ಸ್’ ಒತ್ತಿ. ನೆಟ್ಟೇ ಇಲ್ಲದ ಕಂಪ್ಯೂಟರಿಗೂ ದಾರಿ ಇದೆ. ಮೈಕ್ರೋಸಾಫ್ಟ್ ಜಾಲತಾಣದ ‘ಸೆಕ್ಯುರಿಟಿ ಇಂಟೆಲಿಜೆನ್ಸ್ ಅಪ್‌ಡೇಟ್ಸ್’ ಪುಟದಿಂದ 64 ಬಿಟ್ ಫೈಲನ್ನು ಪೇಟೆಯಲ್ಲಿ ಇಳಿಸಿಕೊಂಡು, ಶುದ್ಧವಾದ ಪೆನ್‌ಡ್ರೈವಿನಲ್ಲಿ ತಂದು ಓಡಿಸಿದರೆ ಆಯಿತು. ನೂರು ಎಂಬಿಗೂ ಹೆಚ್ಚಿನ ಫೈಲ್ ಅದು.

ಬೇರೆ ಉಚಿತ ಆ್ಯಂಟಿವೈರಸ್‌ಗಳ ಮಾತು. ಜರ್ಮನಿಯ ಎವಿ-ಟೆಸ್ಟ್ ಸಂಸ್ಥೆ ರಕ್ಷಣೆ, ವೇಗ, ಬಳಕೆಯ ಅನುಕೂಲಕ್ಕೆ ತಲಾ 6ರಂತೆ ಒಟ್ಟು 18 ಅಂಕ ಕೊಡುತ್ತದೆ. ಈಚಿನ ವರ್ಷಗಳಲ್ಲಿ ಡಿಫೆಂಡರ್ ಅಲ್ಲಿ ಮೇಲಿನ ಸಾಲಿನಲ್ಲೇ ಇದೆ. ಹಾಗಾಗಿ ಆಯ್ಕೆಯನ್ನು ತೀರ್ಮಾನಿಸಬೇಕಾದದ್ದು ಅಂಕವಲ್ಲ, ‘ಉಚಿತ’ ಎಂಬುದಕ್ಕೆ ನಾವು ತೆರುವ ಬೆಲೆ. ಅವಾಸ್ಟ್ ತನ್ನ ಬಳಕೆದಾರರು ಯಾವ ಜಾಲತಾಣ ನೋಡಿದರು ಎಂಬ ಮಾಹಿತಿಯನ್ನು ಜಂಪ್‌ಶಾಟ್ ಎಂಬ ಅಂಗಸಂಸ್ಥೆಯ ಮೂಲಕ ಮಾರಿದ ಪ್ರಕರಣದಲ್ಲಿ, 2024ರಲ್ಲಿ ಅಮೆರಿಕದ ಫೆಡರಲ್ ಟ್ರೇಡ್ ಕಮಿಷನ್ 1.65 ಕೋಟಿ ಡಾಲರ್ ಕಟ್ಟಿಸಿತು. ಜಂಪ್‌ಶಾಟ್ 2020ರಲ್ಲೇ ಮುಚ್ಚಿತ್ತು ನಿಜ. ಕಾವಲಿಗೆ ಇಟ್ಟುಕೊಂಡದ್ದೇ ಮನೆಯ ಮಾತನ್ನು ಹೊರಗೆ ಮಾರಿದರೆ ಮತ್ತೆ ನಂಬುವುದು ಕಷ್ಟ. ಅವಾಸ್ಟ್, ಎವಿಜಿ, ಅವಿರಾ, ನಾರ್ಟನ್ ನಾಲ್ಕೂ ಈಗ ಜೆನ್ ಡಿಜಿಟಲ್ ಎಂಬ ಒಂದೇ ಕಂಪನಿಯವು. ಬೇರೆಯದೇ ಬೇಕು ಎನ್ನುವವರಿಗೆ ಬಿಟ್‌ಡಿಫೆಂಡರ್ ಫ್ರೀ ಒಳ್ಳೆಯ ಆಯ್ಕೆ, ಇಮೇಲ್ ಕೊಟ್ಟು ಅಕೌಂಟ್ ತೆರೆಯಬೇಕು. ಮಾಲ್‌ವೇರ್‌ಬೈಟ್ಸ್ ಉಚಿತ ಆವೃತ್ತಿ ಟ್ರಯಲ್ ಮುಗಿದ ಮೇಲೆ ನಾವು ಒತ್ತಿದಾಗ ಮಾತ್ರ ಹುಡುಕುತ್ತದೆ. ಡಿಫೆಂಡರ್ ಜೊತೆ ಎರಡನೇ ಅಭಿಪ್ರಾಯಕ್ಕೆ ಅದು ಚೆನ್ನ. ಸದಾ ಕಾಯುವ ಎರಡು ಆ್ಯಂಟಿವೈರಸ್ ಮಾತ್ರ ಒಟ್ಟಿಗೆ ಬೇಡ. ಒಂದೇ ಫೈಲಿಗೆ ಎರಡೂ ಕೈ ಹಾಕಿ ಕಂಪ್ಯೂಟರ್ ನಿಂತಲ್ಲೇ ನಿಲ್ಲಬಹುದು.

‘ನಿಮ್ಮ ಕಂಪ್ಯೂಟರಿನಲ್ಲಿ 5 ವೈರಸ್ ಇವೆ’ ಎಂದು ಪರದೆಯ ಬಲಮೂಲೆಯಲ್ಲಿ ಪುಟಿಯುವ ಕೆಂಪು ಚೌಕ ಹೆಚ್ಚಿನ ಸಲ ವೈರಸ್ಸೂ ಅಲ್ಲ, ಆ್ಯಂಟಿವೈರಸ್ಸೂ ಅಲ್ಲ. ಯಾವುದೋ ಜಾಲತಾಣಕ್ಕೆ ಕೊಟ್ಟ ನೋಟಿಫಿಕೇಶನ್ ಅನುಮತಿ ಅದು, ಸ್ಕ್ಯಾನ್ ಮಾಡಿದರೆ ಹೋಗುವುದಿಲ್ಲ. ಕ್ರೋಮ್ ಸೆಟ್ಟಿಂಗ್ಸ್‌ನಲ್ಲಿ ‘ಪ್ರೈವಸಿ ಆ್ಯಂಡ್ ಸೆಕ್ಯುರಿಟಿ’, ‘ಸೈಟ್ ಸೆಟ್ಟಿಂಗ್ಸ್’, ‘ನೋಟಿಫಿಕೇಶನ್ಸ್’ಗೆ ಹೋಗಿ ‘ಅಲೋ’ ಪಟ್ಟಿಯಲ್ಲಿ ಗುರುತಿಲ್ಲದ ಹೆಸರುಗಳನ್ನೆಲ್ಲ ತೆಗೆಯಿರಿ. ಆ ಚೌಕದಲ್ಲಿರುವ ಫೋನ್ ನಂಬರಿಗೆ ಕರೆ ಮಾಡಿ, ಅವರು ಹೇಳಿದ ಆ್ಯಪ್ ಹಾಕಿಸಿಕೊಂಡು ಖಾತೆಯಿಂದ ಹಣ ಹೋಗಿದ್ದರೆ ತಡಮಾಡದೆ ಸೈಬರ್ ವಂಚನೆ ಸಹಾಯವಾಣಿ 1930ಕ್ಕೆ ಕರೆ ಮಾಡಿ. ಆಮೇಲೆ ಜಿಲ್ಲೆಯ ಸಿಇಎನ್ (ಸೈಬರ್, ಆರ್ಥಿಕ, ಮಾದಕವಸ್ತು ಅಪರಾಧ) ಪೊಲೀಸ್ ಠಾಣೆಗೆ ಹೋಗಿ.

ಕೊನೆಗೆ ವಿಂಡೋಸ್ 10 ಇಟ್ಟುಕೊಂಡವರಿಗೆ. ಅದರ ಸಾಮಾನ್ಯ ಬೆಂಬಲ 2025ರ ಅಕ್ಟೋಬರ್ 14ಕ್ಕೆ ಮುಗಿದಿದೆ. ಡಿಫೆಂಡರಿನ ವೈರಸ್ ಪಟ್ಟಿ ಮಾತ್ರ 2028ರ ಅಕ್ಟೋಬರ್‌ವರೆಗೆ ಬರುತ್ತದೆ ಎಂದು ಮೈಕ್ರೋಸಾಫ್ಟ್ ಹೇಳಿದೆ. ಅಂದರೆ ಕಾವಲುಗಾರ ಇರುತ್ತಾನೆ, ಗೋಡೆಯ ಬಿರುಕು ಮುಚ್ಚುವವರು ಇರುವುದಿಲ್ಲ. ಟಿಪಿಎಂ 2.0 (ಕಂಪ್ಯೂಟರಿನೊಳಗಿನ ಭದ್ರತಾ ಚಿಪ್) ಮತ್ತು ಇಂಟೆಲ್ ಆದರೆ ಸಾಮಾನ್ಯವಾಗಿ 8ನೇ ಅಥವಾ ನಂತರದ ತಲೆಮಾರಿನ ಪ್ರೊಸೆಸರ್ ಇದ್ದರೆ ವಿಂಡೋಸ್ 11ಕ್ಕೆ ಉಚಿತವಾಗಿ ಏರಬಹುದು. ಮೈಕ್ರೋಸಾಫ್ಟಿನ ‘ಪಿಸಿ ಹೆಲ್ತ್ ಚೆಕ್’ ಓಡಿಸಿದರೆ ಸಾಧ್ಯವೇ ಇಲ್ಲವೇ ಹೇಳುತ್ತದೆ. ಸಾಧ್ಯವಿಲ್ಲ ಎಂದರೆ ‘ಸೆಟ್ಟಿಂಗ್ಸ್’ನ ವಿಂಡೋಸ್ ಅಪ್‌ಡೇಟ್ ಪುಟದಲ್ಲಿ ಹೆಚ್ಚುವರಿ ಭದ್ರತಾ ಅಪ್‌ಡೇಟ್‌ಗಳಿಗೆ ಹೆಸರು ನೋಂದಾಯಿಸುವ ಕೊಂಡಿ ಇದೆಯೇ ನೋಡಿ. ಅದೂ ಸಿಗದ ಕಂಪ್ಯೂಟರಿನಲ್ಲಿ ಬ್ಯಾಂಕ್ ವ್ಯವಹಾರ ನಿಲ್ಲಿಸಿ, ಟೈಪಿಂಗ್, ಲೆಕ್ಕ, ಹಾಡಿಗೆ ಇಟ್ಟುಕೊಳ್ಳಿ.