ಗುಂಯ್ ಸದ್ದಿಗೆ ಬೆಳ್ಳಿ ಕೇಬಲ್ ಮದ್ದಲ್ಲ

ಕಾರವಾರದ ಕೋಡಿಬಾಗದ ಮನೆಯೊಂದರಲ್ಲಿ ತಾಳಮದ್ದಳೆಯ ರೆಕಾರ್ಡಿಂಗ್ ಹಾಕಿದರೆ ಅರ್ಥಧಾರಿ ಮಾತು ನಿಲ್ಲಿಸಿದಾಗಲೆಲ್ಲ ಸ್ಪೀಕರಿನಿಂದ ಗುಂಯ್ ಎಂಬ ಸದ್ದು. ಅಂಗಡಿಯವರು ಬೆಳ್ಳಿ ಲೇಪದ ಯುಎಸ್‌ಬಿ ಕೇಬಲ್ ಕೊಟ್ಟರು, 14,000 ರೂಪಾಯಿ. ಸದ್ದು ಹೋಗಲಿಲ್ಲ. ಹಾಗಾದರೆ ಟ್ರಾನ್ಸ್‌ಪೋರ್ಟನ್ನೇ (ಡಿಜಿಟಲ್ ಸಿಗ್ನಲ್ ಕಳಿಸುವ ಸಾಧನ, ಇಲ್ಲಿ ಲ್ಯಾಪ್‌ಟಾಪ್) ಬದಲಿಸಿ ಎಂದರು. ಕೊನೆಗೆ ಲ್ಯಾಪ್‌ಟಾಪಿನ ಚಾರ್ಜರ್ ಕಿತ್ತ ಕೂಡಲೇ ಗುಂಯ್ ನಿಂತಿತು!

ಚಾರ್ಜರಿನದು ಮೂರು ಪಿನ್ನು, ಆಂಪ್ಲಿಫೈಯರಿನದೂ ಮೂರು ಪಿನ್ನು, ಎರಡೂ ಬೇರೆ ಬೇರೆ ಸಾಕೆಟ್ಟಿನಲ್ಲಿ. ಯುಎಸ್‌ಬಿ ಕೇಬಲ್ಲಿನ ಗ್ರೌಂಡ್ ತಂತಿ ಈ ಎರಡು ಅರ್ಥಿಂಗನ್ನು ಕೂಡಿಸಿ ಸುತ್ತು ಪೂರ್ತಿ ಮಾಡುತ್ತದೆ. ಅದರಲ್ಲಿ ಹರಿಯುವ ಸಣ್ಣ 50 ಹರ್ಟ್ಸ್ ಕರೆಂಟು ಡ್ಯಾಕ್‌ನಿಂದ (ಯುಎಸ್‌ಬಿಯಲ್ಲಿ ಬಂದ ಡಿಜಿಟಲ್ ಸಿಗ್ನಲ್ಲನ್ನು ಅನಲಾಗ್ ಮಾಡುವ ಸಾಧನ) ಆಂಪ್ಲಿಫೈಯರಿಗೆ ಹೋಗುವ ಅನಲಾಗ್ ತಂತಿಯಲ್ಲಿ ಗುಂಯ್ ಆಗುತ್ತದೆ. ಬೆಳ್ಳಿಯೂ ಕರೆಂಟನ್ನು ಅಷ್ಟೇ ಚೆನ್ನಾಗಿ ಸಾಗಿಸುತ್ತದಲ್ಲ!

ಎರಡನ್ನೂ ಒಂದೇ ಎಕ್ಸ್‌ಟೆನ್ಷನ್ ಬೋರ್ಡಿಗೆ ಹಾಕಿ ನೋಡಿ. ಹೋಗದಿದ್ದರೆ ಗ್ರೌಂಡಿನ ಕೊಂಡಿ ಕಡಿದು ಡೇಟಾ ಮಾತ್ರ ದಾಟಿಸುವ ಯುಎಸ್‌ಬಿ ಐಸೊಲೇಟರ್ ಹಾಕಿ. ಅಗ್ಗದವು 12 ಮೆಗಾಬಿಟ್ ವೇಗದವು, ಕೆಲವು ಡ್ಯಾಕ್ ಅದರಲ್ಲಿ ಏಳುವುದೇ ಇಲ್ಲ. 480 ಮೆಗಾಬಿಟ್ಟಿನದನ್ನೇ ಕೇಳಿ. ಟಿವಿಯಿಂದಾದರೆ ಆಪ್ಟಿಕಲ್ ಕೇಬಲ್ ಸಾಕು, ಬೆಳಕಿನಲ್ಲಿ ಸಾಗುವ ಸಿಗ್ನಲ್ಲಿಗೆ ಗ್ರೌಂಡಿನ ಹಂಗಿಲ್ಲ. ಅರ್ಥ್ ಪಿನ್ನನ್ನು ಮಾತ್ರ ಕತ್ತರಿಸಬೇಡಿ. ಗುಂಯ್ ಹೋಗಬಹುದು, ಷಾಕ್ ಹೊಡೆದರೆ ಜೀವವೂ ಹೋಗಬಹುದು.

ಡಿಜಿಟಲ್ ಕೇಬಲ್ ಕೆಟ್ಟರೆ ಟಕ್ ಟಕ್ ಎನ್ನುತ್ತದೆ, ಸದ್ದು ಕಡಿಯುತ್ತದೆ. ಮದ್ದಳೆ ಮೆತ್ತಗಾಗುವುದು, ಭಾಗವತರ ದನಿ ಅರಳುವುದು ಇಲ್ಲ. ಅಸಿಂಕ್ರೊನಸ್ ಯುಎಸ್‌ಬಿ ಡ್ಯಾಕ್ ತನ್ನದೇ ಗಡಿಯಾರದ ಲಯದಲ್ಲಿ ಡೇಟಾ ಎಳೆದುಕೊಳ್ಳುವುದರಿಂದ ಟ್ರಾನ್ಸ್‌ಪೋರ್ಟ್ ದುಬಾರಿಯಾದರೆ ಲಾಭವೇನೂ ಇಲ್ಲ. ಯುಎಸ್‌ಬಿ 2 ಕೇಬಲ್ 5 ಮೀಟರ್ ಮೀರದಿರಲಿ. ಕೋಆಕ್ಸಿಯಲ್ ಡಿಜಿಟಲ್ ಕೇಬಲ್ ಬೇಕಿದ್ದರೆ ಡಿಷ್‌ನ ಆರ್‌ಜಿ-6 ತಂತಿಗೇ ಆರ್‌ಸಿಎ ಪ್ಲಗ್ ಹಾಕಿಸಿ, ಅದೂ ಇದಕ್ಕೆ ಬೇಕಾದ 75 ಓಮ್ಸ್‌ನದೇ.

ಕರಾವಳಿಯಲ್ಲಿ ನಿಜವಾಗಿ ಕಾಡುವುದು ಉಪ್ಪುಗಾಳಿ. ಆರ್‌ಸಿಎ ಪ್ಲಗ್ಗಿನ ಕಾಲರಿನಡಿ ಹಸಿರು ಕಿಲುಬು ಕಂಡರೆ ಸ್ವಿಚ್ ಆರಿಸಿ, ಇಯರ್‌ಬಡ್‌ಗೆ ಐಸೊಪ್ರೊಪೈಲ್ ಆಲ್ಕೊಹಾಲ್ ಹಚ್ಚಿ ಒರೆಸಿ, ಒಣಗಿದ ಮೇಲೆ ಸಿಕ್ಕಿಸಿ. ಮಳೆಗಾಲದಲ್ಲಿ ಸಿಡಿ ಪ್ಲೇಯರ್ ತಡವರಿಸಿದರೆ ಕೇಬಲ್ಲಿಗಿಂತ ಮೊದಲು ಲೆನ್ಸಿನ ಬೂಷ್ಟು ನೋಡಿ.

ಅಂದಹಾಗೆ ಆ ಕೇಬಲ್ಲನ್ನು, ಪ್ಯಾಕೆಟ್ ಒಡೆದಿದೆ ಎಂಬ ನೆಪ ಹೇಳಿ ಅಂಗಡಿಯವರು ವಾಪಸ್ ತೆಗೆದುಕೊಳ್ಳಲಿಲ್ಲ. ಕೊಳ್ಳಲೇಬೇಕೆಂದಿದ್ದರೆ ಎಷ್ಟು ದಿನದೊಳಗೆ ವಾಪಸ್ ಎಂದು ಬಿಲ್ಲಿನ ಮೇಲೇ ಬರೆಸಿಕೊಳ್ಳಿ.