ಕಾರಿನ ಮೀಟರ್ ದೀಪದ ಬಣ್ಣ ಬದಲಿಸಲು ಮೂರು ದಾರಿ: ಬಣ್ಣದ ಎಲ್‌ಇಡಿ, ಬೆಸುಗೆ, ಬಿಳಿ ಬಲ್ಬಿಗೆ ಸುತ್ತಿದ ಹಾಳೆ

ಮೊದಲೇ ಹೇಳಿಬಿಡುತ್ತೇನೆ, ನನ್ನ ಓಟು ಮೂರನೆಯದಕ್ಕೆ. ಸಾದಾ ಬಿಳಿ ಎಲ್‌ಇಡಿ ಬಲ್ಬ್ ತಂದು, ಅದರ ಮೈಗೆ ಬೇಕಾದ ಬಣ್ಣದ ಪಾರದರ್ಶಕ ಹಾಳೆ ಸುತ್ತಿ, ಹಳೆಯ ಹೋಲ್ಡರಿಗೆ ಸಿಕ್ಕಿಸಿದರೆ ಮುಗಿಯಿತು. ನೋಡಲು ಹಳ್ಳಿ ವೈದ್ಯದ ಹಾಗಿದೆ ನಿಜ. ಆದರೆ ಬಣ್ಣದ ಬಲ್ಬುಗಳ ಪ್ಯಾಕೆಟ್ ಒಂದಿಡೀ ವ್ಯರ್ಥವಾಗಿ, ಬೋರ್ಡಿನ ಮೇಲೆ ಬೆಸುಗೆ ಹಾಕುವುದನ್ನೂ ಮಾಡಿ ನೋಡಿದ ಮೇಲೆ ಮತ್ತೆ ಕೈಹಾಕಬೇಕೆನಿಸುವುದು ಇದಕ್ಕೆ ಮಾತ್ರ.

ನಿಮ್ಮ ಮೀಟರ್ ಯಾವ ಜಾತಿಯದು ಎಂಬುದು ಮೊದಲು ಗೊತ್ತಾಗಬೇಕು. ಕ್ಲಸ್ಟರ್, ಅಂದರೆ ಮೀಟರುಗಳ ಇಡೀ ಪೆಟ್ಟಿಗೆ, ಬಿಚ್ಚಿ ಹಿಂಬದಿ ನೋಡಿ. ಕಾಲು ಸುತ್ತು ಎಡಕ್ಕೆ ತಿರುಗಿಸಿದರೆ ಕೈಗೆ ಬರುವ ಪ್ಲಾಸ್ಟಿಕ್ ಹೋಲ್ಡರುಗಳಿದ್ದರೆ ಅದು ಬಲ್ಬಿನ ಮೀಟರ್. ದೊಡ್ಡವು ಸಾಮಾನ್ಯವಾಗಿ ಟಿ10 ಅಳತೆಯ ಬಲ್ಬುಗಳು, ಎಚ್ಚರಿಕೆ ದೀಪಗಳವು ಟಿ5. ಎಸಿ ಗುಂಡಿಗಳ ಹಿಂದೆ ಇನ್ನೂ ಚಿಕ್ಕವು ಇರುತ್ತವೆ. ಹಿಂಬದಿ ನುಣುಪಾಗಿದ್ದು ಹೋಲ್ಡರುಗಳೇ ಇಲ್ಲದಿದ್ದರೆ ಎಲ್‌ಇಡಿಗಳು ಬೋರ್ಡಿಗೇ ಬೆಸೆದುಕೊಂಡಿವೆ ಎಂದರ್ಥ, ಮೊದಲನೆಯ ಮತ್ತು ಮೂರನೆಯ ದಾರಿ ಅಲ್ಲಿಗೆ ಮುಚ್ಚಿದವು.

ಬಿಚ್ಚುವಾಗ ಬ್ಯಾಟರಿಯ ನೆಗೆಟಿವ್ ತಂತಿ ತೆಗೆದು ಕೆಲವು ನಿಮಿಷ ಕಾಯಿರಿ, ಪಕ್ಕದಲ್ಲೇ ಏರ್‌ಬ್ಯಾಗ್ ವೈರಿಂಗ್ ಇರುತ್ತದೆ. ಸ್ಟಿಯರಿಂಗನ್ನು ಪೂರ್ತಿ ಕೆಳಕ್ಕಿಳಿಸಿ ಅದರ ಮೇಲೊಂದು ಬಟ್ಟೆ ಹಾಸಿ, ಇಲ್ಲದಿದ್ದರೆ ಮೀಟರಿನ ಗಾಜಿಗೋ ಕಾಲಮ್ಮಿನ ಪ್ಲಾಸ್ಟಿಕ್ಕಿಗೋ ಗೀರು ಖಚಿತ. ಕ್ಲಸ್ಟರ್ ಹೊರಗಿರುವಾಗ ಇಗ್ನಿಷನ್ ಹಾಕಬೇಡಿ. ಅನೇಕ ಗಾಡಿಗಳಲ್ಲಿ ಅದರಿಂದ ದೋಷದ ಕೋಡ್ ದಾಖಲಾಗಿ, ಆಮೇಲೆ ಸ್ಕ್ಯಾನರ್ ಹಾಕಿಯೇ ಅಳಿಸಬೇಕಾಗುತ್ತದೆ.

ಬಣ್ಣದ ಎಲ್‌ಇಡಿ ಬಲ್ಬ್

ಎಲ್ಲರೂ ಮೊದಲು ಕೊಳ್ಳುವುದು ಇದನ್ನೇ. ಹತ್ತು ನೀಲಿ ಟಿ10 ತಂದು ಹಾಕಿದರೆ ಮೀಟರ್ ನೀಲಿಯಾಗಬೇಕು ತಾನೇ? ಆಗುವುದಿಲ್ಲ. ಕಂಪನಿಯವರು ಹಸಿರು ಮೀಟರನ್ನು ಹಸಿರು ಬಲ್ಬಿನಿಂದ ಮಾಡಿರುವುದಿಲ್ಲ. ಬಲ್ಬ್ ಬಿಳಿಯದೇ. ಅದಕ್ಕೆ ಹಸಿರು ರಬ್ಬರ್ ಟೋಪಿ ತೊಡಿಸಿರುತ್ತಾರೆ, ಇಲ್ಲವೇ ಡಯಲ್ ಹಾಳೆಯ ಬೆನ್ನಿಗೆ ಹಸಿರು ಶಾಯಿ ಬಳಿದಿರುತ್ತಾರೆ. ಟೋಪಿಯಾದರೆ ಕಿತ್ತು ಹಾಕಬಹುದು. ಶಾಯಿಯಾದರೆ ನೀಲಿ ಬೆಳಕಿನ ಬಹುಪಾಲನ್ನು ಅದೇ ನುಂಗಿ, ಉಳಿದದ್ದನ್ನು ಕೊಳೆತ ಪಾಚಿಯ ಬಣ್ಣದಲ್ಲಿ ಹೊರಗೆ ಬಿಡುತ್ತದೆ. ಕೆಂಪು ಎಲ್‌ಇಡಿ ಹಾಕಿದರಂತೂ ಅಂಕೆಗಳು ಹೆಚ್ಚೂಕಡಿಮೆ ಕತ್ತಲೆ. ಕೊಳ್ಳುವ ಮೊದಲು ಒಂದು ಹೋಲ್ಡರ್ ತೆಗೆದು, ಆ ತೂತಿನಲ್ಲಿ ಮೊಬೈಲಿನ ಟಾರ್ಚ್ ಹಿಡಿದು ಮುಂದಿನಿಂದ ನೋಡಿ. ಅಂಕೆ ಬಿಳಿಯಾಗಿ ಕಂಡರೆ ಶಾಯಿ ಇಲ್ಲ, ಯಾವ ಬಣ್ಣವಾದರೂ ಬರುತ್ತದೆ. ಹಸಿರು ಕಂಡರೆ ಆ ಶಾಯಿಯ ಜೊತೆಗೇ ಸಂಸಾರ. ಅದನ್ನು ಅಸಿಟೋನಿನಲ್ಲಿ ಒರೆಸುವ ಸಾಹಸ ಬೇಡ, ಡಯಲ್ ಪಾಲಿಕಾರ್ಬೊನೇಟ್ ಆಗಿದ್ದರೆ ಹಾಳೆಯೇ ಮಂಜಾಗಿ ಬಿರುಕು ಬಿಡುತ್ತದೆ.

ಇನ್ನೊಂದು, ಮುಳ್ಳು. ಕೆಂಪು ಅಥವಾ ಕಿತ್ತಳೆ ಬಣ್ಣದ ಮುಳ್ಳು ನೀಲಿ ಬೆಳಕಿನಲ್ಲಿ ಕಪ್ಪಾಗುತ್ತದೆ. ಇಂಜಿನ್ ಎಷ್ಟು ವೇಗವಾಗಿ ತಿರುಗುತ್ತಿದೆ ಎಂದು ತೋರಿಸುವ ಟ್ಯಾಕೋಮೀಟರಿನ ಕೆಂಪು ಪಟ್ಟಿಯದೂ ಅದೇ ಗತಿ. ಯಾವ ಬೆಳಕಿನಲ್ಲಿ ಕೆಂಪು ಇಲ್ಲವೋ ಆ ಬೆಳಕು ಕೆಂಪು ವಸ್ತುವನ್ನು ತೋರಿಸಲಾರದು.

ಡಿಮ್ಮರಿನ ತಲೆನೋವು

ಬಲ್ಬ್ ಬದಲಿಸಿದವರಲ್ಲಿ ಹೆಚ್ಚಿನವರು ಎರಡನೇ ರಾತ್ರಿ ಗೊಣಗುವುದು ಬಣ್ಣದ ಬಗ್ಗೆ ಅಲ್ಲ, ಡಿಮ್ಮರ್ ಬಗ್ಗೆ. ಗುಂಡಿ ಎಷ್ಟು ತಿರುಗಿಸಿದರೂ ಬೆಳಕು ಇಳಿಯುವುದಿಲ್ಲ. ಕತ್ತಲ ರಸ್ತೆಯಲ್ಲಿ ಮೀಟರ್ ಎದುರಿನ ಲಾರಿಯ ಹೆಡ್‌ಲೈಟಿನ ಹಾಗೆ ಕಣ್ಣು ಕುಕ್ಕುತ್ತದೆ.

ಹಳೆಯ ಗಾಡಿಗಳಲ್ಲಿ ಡಿಮ್ಮರ್ ಎಂದರೆ ಬಲ್ಬುಗಳ ದಾರಿಯಲ್ಲಿ ಕೂತ ಒಂದು ಬದಲಾಗುವ ರೆಸಿಸ್ಟರ್, ಅಷ್ಟೇ. ಉದಾಹರಣೆಗೆ 3 ವಾಟಿನ ಎಂಟು ತಂತಿ ಬಲ್ಬುಗಳಿವೆ ಎನ್ನಿ. 12 ವೋಲ್ಟಿನಲ್ಲಿ ಒಟ್ಟು 2 ಆಂಪ್. ಎಲ್ಲ ಸೇರಿ 6 ಓಮ್ ಆಯಿತು. ಡಿಮ್ಮರಿನಲ್ಲಿ 5 ಓಮ್ ಸೇರಿಸಿದರೆ ಬಲ್ಬುಗಳಿಗೆ ಹತ್ತಿರಹತ್ತಿರ ಅರ್ಧ ವೋಲ್ಟೇಜ್ ಮಾತ್ರ ಉಳಿದು ಚೆನ್ನಾಗಿ ಮಂಕಾಗುತ್ತವೆ. ಅದೇ ಜಾಗದಲ್ಲಿ ತಲಾ 40 ಮಿಲಿಆಂಪ್ ಎಳೆಯುವ ಎಂಟು ಎಲ್‌ಇಡಿ ಹಾಕಿ. ಒಟ್ಟು 0.32 ಆಂಪ್. ಆ 5 ಓಮಿನಲ್ಲಿ ಕಳೆದುಹೋಗುವುದು 1.6 ವೋಲ್ಟ್ ಮಾತ್ರ. ಇಂಜಿನ್ ಓಡುವಾಗ 14 ಇದ್ದದ್ದು 12.4 ಆದರೆ ಎಲ್‌ಇಡಿಯ ಬೆಳಕು ಒಂದಿಷ್ಟು ಇಳಿದೀತು, ಕಣ್ಣಿಗೆ ಗೊತ್ತೇ ಆಗುವುದಿಲ್ಲ.

ಇದಕ್ಕೆ ಕೆಲವರು ಹೇಳುವ ಉಪಾಯ, ಲೋಡ್ ರೆಸಿಸ್ಟರನ್ನು ಸಮಾನಾಂತರವಾಗಿ ಹಾಕುವುದು. ಲೆಕ್ಕ ಹಾಕಿ ನೋಡಿ: 2 ಆಂಪ್ ಎಳೆಯಬೇಕೆಂದರೆ 7 ಓಮ್, 14 ವೋಲ್ಟಿನಲ್ಲಿ 28 ವಾಟ್ ಶಾಖ. ಡ್ಯಾಶ್‌ಬೋರ್ಡಿನ ಒಳಗೆ, ಪ್ಲಾಸ್ಟಿಕ್ ಮತ್ತು ವೈರುಗಳ ನಡುವೆ, ಸಣ್ಣದೊಂದು ಸೋಲ್ಡರಿಂಗ್ ಐರನ್ ಉರಿಸಿಟ್ಟ ಹಾಗೆ. ಬೇಡವೇ ಬೇಡ.

ಸರಿಯಾದ ಮದ್ದು ಪಿಡಬ್ಲ್ಯುಎಂ ಡಿಮ್ಮರ್. ಅದು ವೋಲ್ಟೇಜ್ ಇಳಿಸುವುದಿಲ್ಲ, ಸೆಕೆಂಡಿಗೆ ನೂರಾರು ಸಲ ಕರೆಂಟನ್ನು ಹಾಕಿ ತೆಗೆಯುತ್ತದೆ. ಎಲ್‌ಇಡಿ ಅದಕ್ಕೆ ಒಗ್ಗುತ್ತದೆ. ಆದರೆ ಇಲ್ಲೂ ಒಂದು ತೊಡಕು ಇದೆ. ಪಟ್ಟಿ ಎಲ್‌ಇಡಿಗಳಿಗೆಂದು ಸಿಗುವ ಅಗ್ಗದ ಮಾಡ್ಯೂಲುಗಳಲ್ಲಿ ಬಹುಪಾಲು ಸ್ವಿಚ್ ಮಾಡುವುದು ನೆಗೆಟಿವ್ ಬದಿಯನ್ನು. ಪಾಸಿಟಿವ್ ನೇರವಾಗಿ ಹಾದುಹೋಗುತ್ತದೆ. ನಿಮ್ಮ ಗಾಡಿಯಲ್ಲಿ ಮೀಟರ್ ಬಲ್ಬಿನ ನೆಗೆಟಿವ್ ಸೀದಾ ಗಾಡಿಯ ಲೋಹದ ಮೈಗೆ ಹೋಗಿದ್ದರೆ ಆ ಮಾಡ್ಯೂಲ್ ನಡುವೆ ಕೂರಿಸಲು ಜಾಗವೇ ಇಲ್ಲ. ಕರೆಂಟ್ ತೆಗೆದು, ಕ್ಲಸ್ಟರಿನ ಕನೆಕ್ಟರಿನಲ್ಲಿ ದೀಪದ ನೆಗೆಟಿವ್ ಪಿನ್ನಿನಿಂದ ಲೋಹದ ಮೈಗೆ, ಓಮ್ ಅಳೆಯಲು ಇಟ್ಟ ಮಲ್ಟಿಮೀಟರ್ ಹಿಡಿಯಿರಿ. ಡಿಮ್ಮರ್ ಗುಂಡಿಯನ್ನು ಒಂದು ತುದಿಯಿಂದ ಇನ್ನೊಂದಕ್ಕೆ ತಿರುಗಿಸಿ. ರೀಡಿಂಗ್ ಸೊನ್ನೆಯಲ್ಲೇ ನಿಂತರೆ ನೆಗೆಟಿವ್ ಸೀದಾ ಲೋಹದ ಮೈಗೆ ಹೋಗಿದೆ, ಪಾಸಿಟಿವ್ ಬದಿ ಸ್ವಿಚ್ ಮಾಡುವ ಮಾಡ್ಯೂಲನ್ನೇ ಹುಡುಕಬೇಕು. ಗುಂಡಿಯ ಜೊತೆ ರೀಡಿಂಗೂ ಬದಲಾದರೆ ಡಿಮ್ಮರ್ ನೆಗೆಟಿವ್ ಬದಿಯಲ್ಲೇ ಇದೆ, ಅಗ್ಗದ್ದೇ ಸಾಕು.

ಒಳಗೆ ಡ್ರೈವರ್ ಚಿಪ್ ಇರುವ ದುಬಾರಿ ಬಲ್ಬುಗಳನ್ನು ಮೀಟರಿಗೆ ತರಬೇಡಿ. ಅವು ವೋಲ್ಟೇಜ್ ಇಳಿದರೂ ಒಂದೇ ಸಮ ಬೆಳಗಿ, ಒಂದು ಹಂತದಲ್ಲಿ ಫಕ್ಕನೆ ಆರುತ್ತವೆ. ರೆಸಿಸ್ಟರ್ ಮಾತ್ರ ಇರುವ ಬಡ ಬಲ್ಬೇ ಇಲ್ಲಿ ವಾಸಿ. ಬಲ್ಬ್ ಹೋಗಿದೆ ಎಂಬ ಎಚ್ಚರಿಕೆ ಬಾರದಿರಲೆಂದು ಒಳಗೇ ಲೋಡ್ ತುಂಬಿದ ಬಲ್ಬುಗಳೂ ಬೇಡ, ಸುಮ್ಮನೆ ಬಿಸಿ.

ಬೋರ್ಡಿನ ಮೇಲೆ ಬೆಸುಗೆ

ಚೆನ್ನಾಗಿ ಮಾಡಿದರೆ ಇದಕ್ಕಿಂತ ಅಚ್ಚುಕಟ್ಟಾದದ್ದು ಇಲ್ಲ, ಒಪ್ಪುತ್ತೇನೆ. ಆದರೆ ತಪ್ಪಿದರೆ ಹೋಗುವುದು ಬಲ್ಬಲ್ಲ, ಇಡೀ ಮೀಟರ್.

ಹೊಸಬರು ಎಡವುವುದು ಬೆಸುಗೆಯಲ್ಲಿ ಅಲ್ಲ, ಲೆಕ್ಕದಲ್ಲಿ. ಕೆಂಪು, ಅಂಬರ್ ಎಲ್‌ಇಡಿಗಳಿಗೆ ತಲಾ ಸುಮಾರು 2 ವೋಲ್ಟ್ ಸಾಕು. ನೀಲಿ, ಬಿಳಿಗೆ 3ರ ಮೇಲೆ ಬೇಕು. ಬೋರ್ಡಿನಲ್ಲಿ ನಾಲ್ಕು ಅಂಬರ್ ಎಲ್‌ಇಡಿ ಸಾಲಾಗಿ, ಜೊತೆಗೆ 300 ಓಮ್ ಇದೆ ಎಂದುಕೊಳ್ಳಿ. ಇಂಜಿನ್ ಓಡುವಾಗ 14.4 ವೋಲ್ಟ್, ಎಲ್‌ಇಡಿಗಳದ್ದು 8.4, ಉಳಿದ 6 ವೋಲ್ಟಿಗೆ 20 ಮಿಲಿಆಂಪ್. ಅಲ್ಲಿ ನಾಲ್ಕು ಬಿಳಿ ಕೂರಿಸಿದರೆ ಅವಕ್ಕೇ 12.4 ಬೇಕು, ಉಳಿಯುವುದು 2 ವೋಲ್ಟ್, ಹರಿಯುವುದು 7 ಮಿಲಿಆಂಪಿಗಿಂತ ಕಡಿಮೆ. ಇಂಜಿನ್ ನಿಂತಾಗ ಇನ್ನೂ ಮಂಕು. ರೆಸಿಸ್ಟರನ್ನು 100 ಓಮಿಗೆ ಇಳಿಸಿದರೆ 14.4ರಲ್ಲಿ ಸರಿಹೋಗುತ್ತದೆ, ಆದರೆ ವೋಲ್ಟೇಜ್ ಸ್ವಲ್ಪ ಅಲುಗಿದರೂ ಬೆಳಕು ಅಲುಗುತ್ತದೆ. ಸಿಗ್ನಲ್ಲಿನಲ್ಲಿ ನಿಂತು ಎಸಿ ಫ್ಯಾನ್ ಹಾಕಿದಾಗ ಮೀಟರ್ ಕಣ್ಣು ಮಿಟುಕಿಸುವುದು ಇದಕ್ಕೇ. ತಿರುಗುಮುರುಗಾದರೆ ಇನ್ನೊಂದು ಕಷ್ಟ: ಮೂರು ಬಿಳಿ, 270 ಓಮ್ ಇದ್ದ ಕಡೆ ಮೂರು ಕೆಂಪು ಹಾಕಿದರೆ 31 ಮಿಲಿಆಂಪ್ ಹರಿಯುತ್ತದೆ. ರೆಸಿಸ್ಟರನ್ನು 430 ಓಮಿಗೆ ಏರಿಸಲೇಬೇಕು.

ಬೆಸುಗೆಯ ಬಗ್ಗೆ ಇಷ್ಟು ನೆನಪಿಡಿ. ಕಾರ್ಖಾನೆಯ ಬೆಸುಗೆಯಲ್ಲಿ ಸೀಸ ಇಲ್ಲದಿದ್ದರೆ ಅದು ಕರಗುವುದು 217 ಡಿಗ್ರಿಯ ಮೇಲೆ. ಹಳೆಯ 63/37 (ತವರ 63 ಪಾಲು, ಸೀಸ 37) ಸೀಸದ ಬೆಸುಗೆ ತಂತಿ 183ಕ್ಕೇ ಕರಗುತ್ತದೆ. ಫ್ಲಕ್ಸ್ ಹಚ್ಚಿ, ಸೀಸದ ತಂತಿಯನ್ನು ಎರಡೂ ಕಾಲಿಗೆ ಧಾರಾಳವಾಗಿ ಬೆರೆಸಿ, ಐರನ್ನಿನ ಮೊನೆಯನ್ನು ಆ ಕಾಲಿಗೂ ಈ ಕಾಲಿಗೂ ಬೇಗಬೇಗ ಆಡಿಸಿದರೆ ಎಲ್‌ಇಡಿ ತಾನೇ ಜಾರುತ್ತದೆ. ಜಾರದಿದ್ದರೆ ಚಿಮಟದಿಂದ ಎಳೆಯಬೇಡಿ, ತಾಮ್ರದ ಪ್ಯಾಡ್ ಜೊತೆಗೇ ಎದ್ದು ಬರುತ್ತದೆ. 3528 ಅಳತೆಯ ಎಲ್‌ಇಡಿಯಲ್ಲಿ ಮೂಲೆ ಕತ್ತರಿಸಿದ ಬದಿ ಸಾಮಾನ್ಯವಾಗಿ ಕ್ಯಾಥೋಡ್, ಅಂದರೆ ನೆಗೆಟಿವ್. ಆದರೂ ಒಂದನ್ನು ಪರೀಕ್ಷಿಸಿಯೇ ಉಳಿದವನ್ನು ಹಾಕಿ.

ಅನೇಕ ಮೀಟರುಗಳಲ್ಲಿ ಎಲ್‌ಇಡಿ ಮುಟ್ಟಲು ಮುಳ್ಳು ಕೀಳಲೇಬೇಕು. ಕೀಳುವ ಮೊದಲು ನಿಂತ ಜಾಗಕ್ಕೆ ಸಣ್ಣ ಟೇಪ್ ಅಂಟಿಸಿ ಗುರುತು ಮಾಡಿ, ಫೋಟೋ ತೆಗೆಯಿರಿ. ಮುಳ್ಳನ್ನು ಕೈಯಿಂದ ತಿರುಗಿಸಿ ಸರಿಮಾಡುವುದು ಸ್ಟೆಪ್ಪರ್ ಮೋಟಾರಿನ ಹಲ್ಲು ಮುರಿಯುವ ಖಾತ್ರಿಯ ವಿಧಾನ. ಓಡೋಮೀಟರಿನ ಎಲ್‌ಸಿಡಿ ರಬ್ಬರ್ ಪಟ್ಟಿಯ ಮೇಲೆ ಕೂತಿದ್ದರೆ ಅದನ್ನು ಅಲುಗಿಸಲೇಬೇಡಿ, ಆಮೇಲೆ 8 ಹೋಗಿ 6 ಆಗಿರುತ್ತದೆ.

ಬಿಳಿ ಬಲ್ಬ್, ಮೇಲೆ ಹಾಳೆ

ಬೇಕಾದದ್ದು: ಐದು ಎಲ್‌ಇಡಿಯ ಬಿಳಿ ಟಿ10 ಬಲ್ಬುಗಳು (ನಾಲ್ಕು ಸುತ್ತ, ಒಂದು ನೆತ್ತಿಯಲ್ಲಿ), ರಂಗದ ದೀಪಗಳಿಗೆ ಹಾಕುವ ಬಣ್ಣದ ಜೆಲ್ ಹಾಳೆ, ಕತ್ತರಿ. ಉಡುಗೊರೆಗೆ ಸುತ್ತುವ ಜಿಗಿಜಿಗಿ ಕಾಗದ ಬೇಡ, ಕೆಲವೇ ತಿಂಗಳಲ್ಲಿ ಬಿಳಿಚಿಕೊಳ್ಳುತ್ತದೆ. ನೆತ್ತಿಯಲ್ಲಿ ಮಾತ್ರ ಎಲ್‌ಇಡಿ ಇರುವ ಬಲ್ಬೂ ಬೇಡ. ತಂತಿ ಬಲ್ಬಿನ ಬೆಳಕು ಸುತ್ತಲೂ ಹರಡುತ್ತಿತ್ತು, ಮೀಟರಿನ ಒಳಗೋಡೆ ಅದಕ್ಕೆಂದೇ ಮಾಡಿದ್ದು. ನೆತ್ತಿ ಬಲ್ಬು ಹಾಕಿದರೆ ಒಂದು ಅಂಕೆ ಧಗಧಗ, ಪಕ್ಕದ್ದು ಕತ್ತಲೆ.

ಟಿ10ರ ವ್ಯಾಸ ಸುಮಾರು 10 ಮಿಲಿಮೀಟರ್, ಸುತ್ತಳತೆ 31. ಹಾಗಾಗಿ 35 ಮಿಲಿಮೀಟರ್ ಉದ್ದದ ಪಟ್ಟಿ ಕತ್ತರಿಸಿದರೆ ನಾಲ್ಕು ಮಿಲಿಮೀಟರ್ ಒಂದರ ಮೇಲೊಂದು ಕೂರುತ್ತದೆ. ಅಗಲವನ್ನು ಬಲ್ಬಿನ ಎತ್ತರಕ್ಕಿಂತ ಆರು ಮಿಲಿಮೀಟರ್ ಹೆಚ್ಚಿಡಿ, ಆ ಹೆಚ್ಚಿನ ಅಂಚಿಗೆ ಐದಾರು ಕಡೆ ಕತ್ತರಿ ಹಾಕಿ ನೆತ್ತಿಯ ಮೇಲೆ ಮಡಚಿ. ಈ ಮಡಿಕೆ ಬಿಟ್ಟರೆ ನೆತ್ತಿಯ ಎಲ್‌ಇಡಿಯಿಂದ ಸೋರುವ ಬಿಳಿ ಬೆಳಕು ಅಂಬರ್ ಮೀಟರಿನ ನಡುವೆ ಒಂದೇ ಒಂದು ಅಂಕೆಯನ್ನು ಸುಣ್ಣ ಹೊಡೆದ ಹಾಗೆ ತೋರಿಸುತ್ತದೆ. ಅಂಟಿಸಲು ಸೂಪರ್ ಗ್ಲೂ ಬಳಸಬೇಡಿ, ಅದರ ಹಬೆ ಸುತ್ತಲ ಪ್ಲಾಸ್ಟಿಕ್ಕಿನ ಮೇಲೆ ಬೂದಿಯಂತೆ ಕೂರುತ್ತದೆ. ತೆಳು ಪಾರದರ್ಶಕ ಟೇಪಿನ ಒಂದು ಸುತ್ತು ಸಾಕು.

ಅಂಬರ್ ಬೇಕಾದವರಿಗೆ ಇನ್ನೂ ಸುಲಭ. ಎಲೆಕ್ಟ್ರಾನಿಕ್ಸ್ ಕೆಲಸದವರು ಬಳಸುವ ಪಾಲಿಇಮೈಡ್ ಟೇಪ್ ಹುಟ್ಟಾ ಅಂಬರ್ ಬಣ್ಣದ್ದು, ಬಿಸಿಗೆ ಜಗ್ಗುವುದಿಲ್ಲ, ತಾನೇ ಅಂಟುತ್ತದೆ. ಒಂದೇ ಸುತ್ತು ಹಾಕಿದರೆ ಹಳದಿ, ಎರಡು ಮೂರಾದರೆ ಒಳ್ಳೆಯ ಅಂಬರ್. ಅದರಲ್ಲಿ ಕೆಂಪಿನ ಪಾಲು ಉಳಿದಿರುವುದರಿಂದ ಮುಳ್ಳೂ ಕೆಂಪು ಪಟ್ಟಿಯೂ ಸ್ಪಷ್ಟ.

ಹಾಳೆ ಬೆಳಕು ತಿನ್ನುತ್ತದಲ್ಲ ಎಂದು ಆಕ್ಷೇಪ ಬರುತ್ತದೆ. ತಿನ್ನುತ್ತದೆ, ಅದಕ್ಕೇ ನನಗೆ ಇಷ್ಟ. ಡಿಮ್ಮರ್ ಕೈಕೊಟ್ಟಿದ್ದೇ ಬೆಳಕು ಹೆಚ್ಚಾಗಿ. ರಾತ್ರಿ ಹಿತವೆನಿಸುವವರೆಗೆ ಸುತ್ತು ಏರಿಸುತ್ತ ಹೋದರೆ ಪಿಡಬ್ಲ್ಯುಎಂ ಮಾಡ್ಯೂಲಿನ ಗೊಡವೆಯೇ ಇಲ್ಲ. ಹಗಲಿನಲ್ಲಿ ಮೀಟರ್ ದೀಪ ಯಾರಿಗೆ ಬೇಕು.

ಹಾಕುವಾಗ ಒಂದು ಮಾತು: ಎಲ್‌ಇಡಿಗೆ ದಿಕ್ಕಿದೆ. ಉರಿಯದ ಬಲ್ಬನ್ನು ಕಿತ್ತು 180 ಡಿಗ್ರಿ ತಿರುಗಿಸಿ ಹಾಕಿ. ಸಡಿಲ ಎನಿಸಿದರೆ ಬಲ್ಬಿನ ತಂತಿಕಾಲುಗಳನ್ನು ಸ್ವಲ್ಪ ಹೊರಕ್ಕೆ ಬಾಗಿಸಿ. ಕ್ಲಸ್ಟರನ್ನು ಕನೆಕ್ಟರಿಗೆ ಸಿಕ್ಕಿಸಿ, ಬ್ಯಾಟರಿ ಕೊಟ್ಟು, ಪಾರ್ಕಿಂಗ್ ಲೈಟ್ ಹಾಕಿ ಎಲ್ಲ ಉರಿಯುತ್ತಿವೆಯೇ ನೋಡಿದ ಮೇಲೇ ಸ್ಕ್ರೂ ಬಿಗಿಯಿರಿ.

ಎಚ್ಚರಿಕೆ ದೀಪಗಳ ತಂಟೆಗೆ ಹೋಗಬೇಡಿ. ಕೆಂಪು, ಹಳದಿ, ಹಸಿರು, ಹೈಬೀಮಿನ ನೀಲಿ, ಇವುಗಳ ಬಣ್ಣಕ್ಕೇ ಅರ್ಥವಿದೆ. ಅದರಲ್ಲೂ ಬ್ಯಾಟರಿ ಚಿಹ್ನೆಯ ಬಲ್ಬು. ಹಲವು ಹಳೆಯ ಗಾಡಿಗಳಲ್ಲಿ ಆಲ್ಟರ್ನೇಟರ್ ಎಚ್ಚರಗೊಳ್ಳಲು ಬೇಕಾದ ಮೊದಲ ಕರೆಂಟ್ ಆ ತಂತಿ ಬಲ್ಬಿನ ಮೂಲಕವೇ ಹೋಗುತ್ತದೆ. ಅಲ್ಲಿ ಎಲ್‌ಇಡಿ ಹಾಕಿದರೆ ಇಂಜಿನ್ ಓಡುತ್ತಿದ್ದರೂ ಚಾರ್ಜಿಂಗ್ ಶುರುವಾಗದೆ ಇರಬಹುದು. ಈಗಾಗಲೇ ಹಾಕಿ ಸಿಕ್ಕಿಬಿದ್ದಿದ್ದರೆ ತಂತಿ ಬಲ್ಬನ್ನೇ ವಾಪಸ್ ಹಾಕಿ.

ಬಣ್ಣದ ಬಲ್ಬು ಯಾರಿಗೆ? ಟಾರ್ಚ್ ಪರೀಕ್ಷೆಯಲ್ಲಿ ಅಂಕೆ ಬಿಳಿ ಬಂದು, ಮುಳ್ಳೂ ಬಿಳಿಯಾಗಿದ್ದು, ಗಾಡಿಯ ಡಿಮ್ಮರ್ ಪಿಡಬ್ಲ್ಯುಎಂ ಆಗಿದ್ದರೆ ಧೈರ್ಯವಾಗಿ ತನ್ನಿ, ಅರ್ಧ ಗಂಟೆಯ ಕೆಲಸ. ಎಲ್ಲವನ್ನೂ ಒಂದೇ ಪ್ಯಾಕೆಟ್ಟಿನಿಂದ ತೆಗೆದುಕೊಳ್ಳಿ, ಒಂದೊಂದು ಕಂತಿನ ನೀಲಿ ಒಂದೊಂದು ನೀಲಿ. ಬೆಸುಗೆ ಯಾರಿಗೆ? ಬೇರೆ ದಾರಿಯೇ ಇಲ್ಲದ ಬೋರ್ಡಿನ ಮೀಟರಿನವರಿಗೆ, ಅದೂ ಹಾಳಾದ ಹಳೆಯ ಬೋರ್ಡೊಂದರ ಮೇಲೆ ಇಪ್ಪತ್ತು ಎಲ್‌ಇಡಿ ಕಿತ್ತು ಹಾಕಿ ಕೈ ಪಳಗಿಸಿಕೊಂಡಿದ್ದರೆ. ನನ್ನ ಓಡಾಟ ಹೆಚ್ಚಾಗಿ ರಾತ್ರಿಯದು, ಖರ್ಚು ಮಾಡುವ ಮನಸ್ಸು ಕಡಿಮೆ, ಗಾಡಿ ಮಾರುವ ದಿನ ಎಲ್ಲ ಮೊದಲಿನಂತಾಗಬೇಕು ಎಂಬ ಆಸೆ ಬೇರೆ. ಮೂರು ಸುತ್ತು ಟೇಪಿನ ಅಂಬರ್ ಬೆಳಕೇ ಸಾಕು. ಬಿಚ್ಚಿದ ತಂತಿ ಬಲ್ಬುಗಳನ್ನು ಡಬ್ಬಿಯಲ್ಲಿ ಹಾಕಿ ಗ್ಲೋವ್ ಬಾಕ್ಸಿನಲ್ಲೇ ಇಡಿ.